ಕಮ್ಮಿ ಸಾಮಾನಲ್ಲಿ ಬದುಕೋರು ಹೊಸದೇನಾದ್ರೂ ತಗೊಳ್ಳೋ ಮುಂಚೆ

ಮಿನಿಮಲಿಸಂ ಅಂದ ತಕ್ಷಣ ತುಂಬಾ ಜನ ಇನ್ಮೇಲೆ ಏನೂ ತಗೋಬಾರದು ಅನ್ಕೊಂಡ್ಬಿಡ್ತಾರೆ, ಎರಡು ತಿಂಗಳು ಹೇಗೋ ತಡ್ಕೊಂಡು ಮೂರನೇ ತಿಂಗಳು ಒಂದೇ ಸಲಕ್ಕೆ ರಾಶಿ ಆರ್ಡರ್ ಮಾಡ್ತಾರೆ. ಚಪ್ಪಲಿ ಸವೆಯತ್ತೆ, ಟವೆಲ್ ಹರಿಯತ್ತೆ, ಮಕ್ಕಳು ಬೆಳೀತಾರೆ, ತಗೊಳ್ದೇ ಇರಕ್ಕಂತೂ ಆಗಲ್ಲ. ಹಾಗಾಗಿ ನಾವು ರೂಢಿ ಮಾಡ್ಕೋಬೇಕಾಗಿರೋದು ಯೋಚನೆ ಮಾಡಿ ತಗೊಳ್ಳೋದನ್ನ.

ಮೊದಲು ಮನೇಲಿ ಏನಿದೆ ಅಂತ ನೋಡಿ. ಇಡೀ ಮನೆ ಬೇಡ, ಒಂದೇ ಜಾತಿ ಸಾಮಾನು ಆರಿಸ್ಕೊಳ್ಳಿ, ಚಾರ್ಜರ್ ಕೇಬಲ್ ಅಂತಾನೇ ಇಟ್ಕೊಳ್ಳಿ, ಎಲ್ಲಾ ತಂದು ಮಂಚದ ಮೇಲೆ ಸುರೀರಿ. ನಾನು ಹೀಗೆ ಒಂದ್ಸಲ ಡ್ರಾಯರ್‌ಗಳನ್ನ ಖಾಲಿ ಮಾಡಿದಾಗ ನಾಲ್ಕು ಕತ್ತರಿ ಸಿಕ್ತು, ನಾಲ್ಕೂ ಚೆನ್ನಾಗೇ ಇದ್ವು, ಪ್ರತಿ ಸಲ ಹುಡುಕಿದಾಗ ಸಿಗ್ಲಿಲ್ಲ ಅಂತ ಇನ್ನೊಂದು ತಂದಿದ್ದು ಅಷ್ಟೇ. ಕತ್ತರಿಗೆ ಅಂತ ಒಂದು ಮೊಳೆ ಹೊಡೆದಿದ್ರೆ ಸಾಕಾಗಿತ್ತು. ಆದ್ರಿಂದ ಏನೇ ತಗೊಳ್ಳೋ ಮುಂಚೆ ಅದು ಮನೇಲಿ ಎಲ್ಲಿರತ್ತೆ ಅನ್ನೋದನ್ನ ಯೋಚ್ನೆ ಮಾಡಿ. ಜಾಗ ಹೊಳೀಲಿಲ್ಲ ಅಂದ್ರೆ ತಗೊಳ್ಳೋದನ್ನ ಮುಂದಕ್ಕೆ ಹಾಕಿ.

ಎರಡನೇದು ಒಂದು ಪಟ್ಟಿ. ಬೇಕು ಅನ್ಸಿದ್ದನ್ನ ಕಾರ್ಟಿಗೆ ಹಾಕೋ ಬದಲು ನೋಟ್‌ಬುಕ್ಕಲ್ಲಿ ಬರೀರಿ, ಪಕ್ಕದಲ್ಲಿ ತಾರೀಖು ಹಾಕಿ, 30 ದಿನ ಬಿಡಿ. ಮುಖ್ಯ ವಿಷ್ಯ ಏನಂದ್ರೆ ವಸ್ತುವಿನ ಹೆಸರು ಬರೀಬೇಡಿ, ತೊಂದ್ರೆ ಏನು ಅಂತ ಬರೀರಿ. ನನ್ನ ಪಟ್ಟೀಲಿ ಒಂದ್ಸಲ "ಟೇಬಲ್ ಲ್ಯಾಂಪ್" ಅಂತ ಬರೆದಿದ್ದೆ, ಆಮೇಲೆ ಅದನ್ನ ಹೊಡೆದು ಹಾಕಿ "ರಾತ್ರಿ ಓದೋವಾಗ ಪುಸ್ತಕದ ಮೇಲೆ ನೆರಳು ಬೀಳತ್ತೆ" ಅಂತ ಬರ್ದೆ, ಬರೀತಿದ್ದ ಹಾಗೇ ಗೊತ್ತಾಯ್ತು ಆ ನೆರಳು ನನ್ನ ತಲೇದೇ, ಲೈಟು ಬೆನ್ನ ಹಿಂದೆ ಇತ್ತು. ಕುರ್ಚಿ ತಿರುಗಿಸಿ ರೂಮಿನ ಇನ್ನೊಂದು ಕಡೆಗೆ ಹಾಕ್ದೆ, ಲ್ಯಾಂಪ್ ಬೇಕೇ ಆಗ್ಲಿಲ್ಲ. ಎಲ್ಲಾ ತೊಂದ್ರೇನೂ ಹೀಗೆ ಸುಲಭವಾಗಿ ಬಗೆಹರಿಯಲ್ಲ ಬಿಡಿ, ಆದ್ರೆ ತೊಂದ್ರೆ ಏನು ಅಂತ ಸರಿಯಾಗಿ ಬರೆದಿದ್ರೆ ಕೊನೆಗೆ ಏನು ತಗೋಬೇಕು ಅನ್ನೋದಾದ್ರೂ ಸ್ಪಷ್ಟ ಆಗತ್ತೆ. ಔಷಧಿ, ಹೆಲ್ಮೆಟ್, ದಿನಾ ಬೇಕಾಗಿದ್ದು ಕೆಟ್ಟೋಗಿದ್ರೆ ಅದು, ಇವಕ್ಕೆಲ್ಲಾ 30 ದಿನ ಕಾಯ್ಬೇಡಿ, ಅವತ್ತೇ ತನ್ನಿ.

ಆಫರ್ ವಿಷ್ಯಕ್ಕೆ ಬಂದ್ರೆ, ಗೀಟು ಹಾಕಿರೋ ಹಳೇ ಬೆಲೆ ಮೊದಲು ಕಣ್ಣಿಗೆ ಬೀಳತ್ತೆ, ಆಮೇಲೆ ಹೊಸ ಬೆಲೆ ಕಮ್ಮಿ ಅನ್ಸಕ್ಕೆ ಅದೊಂದೇ ಸಾಕು. ಆಫರ್ ಇಲ್ದೇ ಇದ್ದಿದ್ರೂ ಇದನ್ನ ತಗೋತಿದ್ನಾ ಅಂತ ಕೇಳ್ಕೊಳ್ಳಿ. ಆ್ಯಪಲ್ಲಿ ಸೇವ್ ಆಗಿರೋ ಕಾರ್ಡ್ ತೆಗೆದುಬಿಡಿ, ಪ್ರತಿ ಸಲ ನಂಬರ್ ಹೊಡೆಯೋ ಅಷ್ಟೊತ್ತಿಗೆ ಅರ್ಧ ಆಸೆ ಇಳಿದಿರತ್ತೆ.

ಇನ್ನೊಂದು ವಿಷ್ಯ ನಂಗೆ ತುಂಬಾ ಮುಖ್ಯ ಅನ್ಸತ್ತೆ. ಫ್ರೆಂಚ್ ಲೇಖಕ ಡೆನಿ ಡಿಡೆರೊ 1769ರಲ್ಲಿ ಒಂದು ಪ್ರಬಂಧ ಬರೆದ, ಮನೇಲಿ ಹಾಕ್ಕೊಳ್ಳೋಕೆ ಅವನಿಗೆ ಒಂದು ಚೆಂದದ ಹೊಸ ನಿಲುವಂಗಿ ಬಂದಿರತ್ತೆ, ಅದ್ರ ಮುಂದೆ ಹಳೇ ಕುರ್ಚಿ ಹಳೇ ಮೇಜು ಎಲ್ಲಾ ಸಪ್ಪೆ ಕಾಣಕ್ಕೆ ಶುರುವಾಗಿ ಒಂದೊಂದಾಗಿ ಬದಲಾಗ್ತಾ ಹೋಗತ್ತೆ, ಹಳೇ ಅಂಗಿಗೆ ನಾನು ಯಜಮಾನ ಆಗಿದ್ದೆ, ಹೊಸದಕ್ಕೆ ಗುಲಾಮ ಆದೆ ಅಂತ ಕೊರಗ್ತಾನೆ. ಇದಕ್ಕೆ ಈಗ ಡಿಡೆರೊ ಎಫೆಕ್ಟ್ ಅಂತಾನೇ ಹೆಸರಿದೆ. ನಮ್ಮ ಮನೇಲೂ ಇದೇ ಆಗೋದು. ಪ್ರಿಂಟರ್ ಬಂದ್ರೆ ಇಂಕ್, ಪೇಪರ್, ಅದನ್ನಿಡಕ್ಕೆ ಸ್ಟ್ಯಾಂಡ್. ಅದಕ್ಕೇ ಇದು ಬಂದ್ಮೇಲೆ ಇನ್ನೇನೇನು ಕೇಳತ್ತೆ ಅಂತ ಮೊದಲೇ ಲೆಕ್ಕ ಹಾಕಿ, ಕ್ಲೀನ್ ಮಾಡೋರು ಯಾರು ಅನ್ನೋದೂ ಸೇರಿಸಿ.

ತಗೊಳ್ಳೋದೇ ಅಂತಾದ್ಮೇಲೆ ಕೈಯಲ್ಲಿ ಹಿಡಿದು ನೋಡಿ. ಬ್ಯಾಗ್ ಆದ್ರೆ ಒಳಗಡೆ ತಿರುಗಿಸಿ, ಹೆಗಲಿಗೆ ಹಾಕೋ ಪಟ್ಟಿ ಬ್ಯಾಗಿಗೆ ಸೇರೋ ಜಾಗ ನೋಡಿ, ಹರಿಯೋದು ಹೆಚ್ಚಾಗಿ ಅಲ್ಲೇ, ಒಂದೇ ಸಾಲು ಹೊಲಿಗೆ ಇದ್ರೆ ಬೇಡ, ಚೌಕ ಹಾಕಿ ಮಧ್ಯೆ ಅಡ್ಡಡ್ಡ ಹೊಲ್ದಿದ್ರೆ ಭಾರ ತಡೆಯತ್ತೆ. ಜಿಪ್ ಐದಾರು ಸಲ ಎಳೀರಿ, ಅದ್ರಲ್ಲೂ ಮೂಲೆ ತಿರುಗೋ ಕಡೆ ಸಿಕ್ಕಾಕ್ಕೊಳ್ಳತ್ತಾ ಗಮನಿಸಿ. ಎಲೆಕ್ಟ್ರಾನಿಕ್ ಸಾಮಾನಾದ್ರೆ ಸ್ಕ್ರೂ ಇದ್ಯಾ ಇಲ್ಲಾ ಅಂಟು ಹಾಕಿ ಮುಚ್ಚಿದಾರಾ, ಬ್ಯಾಟರಿ ಬದಲಾಯಿಸ್ಬೋದಾ ಅಂತ ಕೇಳಿ, ಯಾಕಂದ್ರೆ ಲಿಥಿಯಂ ಬ್ಯಾಟರಿ ಬಳಸ್ತಾ ಬಳಸ್ತಾ ಶಕ್ತಿ ಕಳ್ಕೊಳ್ಳತ್ತೆ, ಮಿಕ್ಕಿದ್ದೆಲ್ಲಾ ಗಟ್ಟಿ ಇದ್ರೂ ಅದೊಂದಕ್ಕೇ ಇಡೀ ಫೋನ್ ಎಸೆಯೋ ಹಾಗಾಗತ್ತೆ. ಫ್ರಾನ್ಸಲ್ಲಿ 2021ರಲ್ಲಿ ಫೋನು, ಲ್ಯಾಪ್‌ಟಾಪು, ವಾಷಿಂಗ್ ಮಷೀನು, ಟಿವಿ ಮೇಲೆ ರಿಪೇರಿ ಎಷ್ಟು ಸುಲಭ ಅಂತ 10ಕ್ಕೆ ಅಂಕ ಹಾಕೋದನ್ನ ಕಡ್ಡಾಯ ಮಾಡಿದ್ರು, ಎಲ್ಲಾ ಕಡೆ ಹೀಗೇ ಆಗ್ಬೇಕು ಅನ್ನೋದು ನನ್ನ ಆಸೆ.

ಬೆಲೆನ ಬಳಕೆಯಿಂದ ಭಾಗಿಸಿ ನೋಡಿ. ಎರಡು ಪಟ್ಟು ಬೆಲೆ ಕೊಟ್ಟ ಶೂ ನಾಲ್ಕು ಪಟ್ಟು ದಿನ ಬಂದ್ರೆ ಅದೇ ಅಗ್ಗ. ಹಾಗಂತ ವರ್ಷಕ್ಕೆರಡು ಸಲ ಬಳಸೋ ಡ್ರಿಲ್ಲನ್ನ ಎಷ್ಟೇ ಒಳ್ಳೇದು ತಗೊಂಡ್ರೂ ಲೆಕ್ಕ ಕೂಡಲ್ಲ, ಯಾರ ಹತ್ರನಾದ್ರೂ ಕೇಳಿ ತಂದು ವಾಪಸ್ ಕೊಡಿ. ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೇದೇ, ಹೆಲ್ಮೆಟ್ ಮತ್ತು ಮಕ್ಕಳ ಕಾರ್ ಸೀಟ್ ಬಿಟ್ಟು, ಅವು ಹಿಂದೆ ಪೆಟ್ಟು ತಿಂದಿದ್ರೆ ಹೊರಗಡೆ ನೋಡಿದ್ರೆ ಗೊತ್ತಾಗಲ್ಲ.

"ಒಂದು ಬಂದ್ರೆ ಒಂದು ಹೋಗ್ಬೇಕು" ಅನ್ನೋ ರೂಲ್ ಬಟ್ಟೆಗೆ ಚೆನ್ನಾಗಿ ಹೊಂದತ್ತೆ, ಉಪಕರಣಗಳಿಗೆ ಅಷ್ಟಾಗಿ ಹೊಂದಲ್ಲ ಅನ್ಸತ್ತೆ ನಂಗೆ. ಮತ್ತೆ ದಯವಿಟ್ಟು ಮಿನಿಮಲಿಸ್ಟ್ ಆಗ್ಬೇಕು ಅಂತ ಇರೋ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲಾ ಎಸೆದು ಒಂದೇ ಥರದ ಗಾಜಿನ ಡಬ್ಬ ತರಬೇಡಿ. ಇರೋದು ಒಡೆಯೋವರೆಗೂ ಬಳಸಿ, ಬಣ್ಣ ಹೊಂದದೇ ಇದ್ರೂ ಪರವಾಗಿಲ್ಲ.

ತಂದ್ಮೇಲೆ ಬಿಲ್ಲಿನ ಫೋಟೋ ತೆಗೆದಿಡಿ, ವಾಪಸ್ ಮಾಡೋ ಕೊನೇ ದಿನನ ಫೋನಲ್ಲಿ ರಿಮೈಂಡರ್ ಹಾಕಿ, ಅಷ್ಟರೊಳಗೆ ಒಂದ್ಸಲನಾದ್ರೂ ಬಳಸಿ ನೋಡಿ. ಆ ದಿನ ಬಂದಾಗ ಡಬ್ಬ ಇನ್ನೂ ಬಿಚ್ಚೇ ಇಲ್ಲ ಅಂದ್ರೆ ಹಾಗೇ ವಾಪಸ್ ಕಳಿಸಿ.