ಶಾಲೆಯ ಹಾಲ್ ಯಾವ ವರ್ಗಕ್ಕೆ ಸೇರುತ್ತೆ? ನಕ್ಷೆ ಮಾಡಿಸುವ ಮೊದಲು ಓದಿ

ಕಲಬುರಗಿ, ಸೇಡಂ, ಚಿತ್ತಾಪುರ ಕಡೆಯ ಆಡಳಿತ ಮಂಡಳಿಯವರು ಶಾಲೆ ಕಟ್ಟಡದ ನಕ್ಷೆಗೆ ನನ್ನ ಹತ್ತಿರ ಬಂದರೆ ಮಾತು ಕ್ಲಾಸ್‌ರೂಮಿನಿಂದ ಶುರುವಾಗಿ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೆ: "ಮ್ಯಾಲೆ ಒಂದು ದೊಡ್ಡ ಹಾಲ್ ತೋರಿಸ್ರಿ ಮೇಡಂ, ಎಲ್ಲಾದಕ್ಕೂ ಆಗ್ತದ." ಆ "ಎಲ್ಲಾದಕ್ಕೂ" ಅನ್ನೋದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿ ಕೇಳದೆ ನಾನು ಪೆನ್ಸಿಲ್ ಮುಟ್ಟೋದಿಲ್ಲ. ಬಾಗಿಲು, ಮೆಟ್ಟಿಲು, ಯಾವ ಮಹಡಿ, ಎಲ್ಲವೂ ಆ ಉತ್ತರದ ಮೇಲೇ ನಿಂತಿವೆ.

ನಮ್ಮಲ್ಲಿ ಇದಕ್ಕೆ ಆಧಾರ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ. ಅದರ 4ನೇ ಭಾಗ ಬೆಂಕಿ ಮತ್ತು ಜೀವ ಸುರಕ್ಷತೆಗೆ ಮೀಸಲು. ಕಟ್ಟಡಗಳನ್ನು ಬಳಕೆಯ ಪ್ರಕಾರ ಗುಂಪು ಮಾಡಿದ್ದಾರೆ: ವಾಸದ ಮನೆ ಎ, ಶಿಕ್ಷಣ ಬಿ, ಆಸ್ಪತ್ರೆಯಂಥವು ಸಿ, ಜನ ಸೇರುವ ಜಾಗ ಡಿ, ಹೀಗೆ ಮುಂದೆ. ಹೈಸ್ಕೂಲು, ಪಿಯುಸಿವರೆಗಿನ ಶಾಲೆ ಬಿ-1. ಮನರಂಜನೆ, ಸಾಮಾಜಿಕ, ಧಾರ್ಮಿಕ ಕಾರ್ಯಕ್ರಮಗಳಿಗೆ 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ಕೂಡುವ ಕಟ್ಟಡವಾಗಲಿ, ಕಟ್ಟಡದ ಒಂದು ಭಾಗವಾಗಲಿ, ಡಿ. "ಒಂದು ಭಾಗವಾಗಲಿ" ಅನ್ನೋದನ್ನ ಗಮನಿಸಿ. ಬೋರ್ಡಿನ ಮೇಲೆ ಶಾಲೆ ಅಂತಿದ್ದರೂ ಒಳಗಿನ ಹಾಲ್ ಡಿ ಆಗಬಹುದು.

ಆದರೆ ಅದೇ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತೆ: ಮುಖ್ಯ ಬಳಕೆಗೆ ಪೂರಕವಾಗಿ ನಡೆಯುವ ಸಣ್ಣ ಬಳಕೆಯನ್ನ ಮುಖ್ಯ ಗುಂಪಿನಲ್ಲೇ ಎಣಿಸಬೇಕು. ಬಿ ಗುಂಪಿನ ವಿವರಣೆಯಲ್ಲೇ ಪಾಠ, ಆಟೋಟಕ್ಕೆ ಮಕ್ಕಳು ಒಟ್ಟು ಸೇರೋದು ಬಂದಿದೆ. ಹಾಗಾಗಿ ಪ್ರಾರ್ಥನೆ, ಪರೀಕ್ಷೆ, ಯೋಗ, ವಿಜ್ಞಾನ ಪ್ರದರ್ಶನ ಇಷ್ಟಕ್ಕೇ ಮಕ್ಕಳು ಕೂಡುವ ಹಾಲನ್ನು ಬಿ-1ರಲ್ಲೇ ಇಡಬಹುದು.

ತಕರಾರು ಎದ್ದೇಳೋದು ಇವೆರಡರ ನಡುವೆ. ಅದಕ್ಕೇ ನನ್ನ ಮೊದಲ ಹೆಜ್ಜೆ ಲೆಕ್ಕವಲ್ಲ, ವಿಚಾರಣೆ. ವರ್ಷದಲ್ಲಿ ಈ ಹಾಲ್‌ನಲ್ಲಿ ಏನೇನು ನಡೆಯುತ್ತೆ ಅಂತ ಮುಖ್ಯೋಪಾಧ್ಯಾಯರಿಂದ ಬರೆಸಿಕೊಳ್ತೀನಿ. ಅಧ್ಯಕ್ಷರಿಂದಲ್ಲ, ಅವರು ಉದ್ಘಾಟನೆ ಒಂದನ್ನೇ ನೆನಪಿಟ್ಟಿರುತ್ತಾರೆ. ವಾರ್ಷಿಕೋತ್ಸವಕ್ಕೆ ಪಾಲಕರು ಎಷ್ಟು ಮಂದಿ ಬರ್ತಾರೆ? ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ದಿನ ಧ್ವಜ ಏರಿಸುತ್ತಿದ್ದಂತೆ ಮಳೆ ಹಿಡಿದರೆ ಅಂಗಳದ ಮಂದಿಯೆಲ್ಲ ಎಲ್ಲಿಗೆ ಓಡ್ತಾರೆ? ಆಮೇಲೆ ಕೊನೆಯ ಪ್ರಶ್ನೆ, ಸ್ವಲ್ಪ ನಾಚಿಕೆ ಬಿಟ್ಟು ಕೇಳಬೇಕಾದ್ದು: ಬೇಸಿಗೆ ರಜೆಯಲ್ಲಿ ಮದುವೆಗೆ ಕೊಡ್ತೀರಾ? "ಛೇ ಛೇ, ಇದು ಸಾಲಿ ಅದರಿ" ಅಂತ ಒಬ್ಬರು ಅಂದರೆ, ಅವರ ಪಕ್ಕದಲ್ಲಿ ಕೂತ ಖಜಾಂಚಿ ಕೆಮ್ಮುತ್ತಾರೆ. ಆ ಕೆಮ್ಮು ಕೇಳಿದರೆ ಹಾಲನ್ನು ಡಿ ಅಂತಲೇ ಹಿಡಿದು ನಕ್ಷೆ ಶುರುಮಾಡಿ. ಹೊರಗಿನವರು ಬರುವ, ಬಾಡಿಗೆಗೆ ಹೋಗುವ, ಊಟ ನಡೆಯುವ ಹಾಲ್ ಶಾಲೆಗೆ ಪೂರಕ ಅನ್ನೋ ವಾದ ನಿಲ್ಲೋದಿಲ್ಲ.

ಡಿ ಒಳಗೂ ಉಪಗುಂಪುಗಳಿವೆ. ರಂಗಮಂಚ ಇದ್ದು ಕಾಯಂ ಕುರ್ಚಿಗಳಿರುವ ರಂಗಮಂದಿರಗಳು 1000 ಆಸನ ದಾಟಿದರೆ ಡಿ-1, ಅಲ್ಲಿಯವರೆಗೆ ಡಿ-2. ಕಾಯಂ ಆಸನವಿಲ್ಲದೆ 300 ಅಥವಾ ಹೆಚ್ಚು ಮಂದಿ ಹಿಡಿಸುವ ಹಾಲ್ ಡಿ-3, ಅದಕ್ಕಿಂತ ಕಡಿಮೆಯಾದರೆ ಡಿ-4. ಜಮಖಾನ ಹಾಸುವ, ಪ್ಲಾಸ್ಟಿಕ್ ಕುರ್ಚಿ ಜೋಡಿಸಿ ತೆಗೆಯುವ ನಮ್ಮ ಭಾಗದ ಶಾಲಾ ಹಾಲ್‌ಗಳು ಹೆಚ್ಚಾಗಿ ಈ ಕೊನೆಯ ಎರಡರಲ್ಲಿ ಬೀಳುತ್ತವೆ.

ಇತ್ತೀಚೆಗೆ ಹೊರಗಿನ ಊರುಗಳಿಂದ ತರಿಸಿದ ನಕ್ಷೆಗಳಲ್ಲಿ ಹಾಲ್ ಮೇಲೆ ಬರೀ "ಇ" ಅಂತ ಬರೆದಿರೋದನ್ನ ನೋಡಿದ್ದೀನಿ. ಅದು ಅಮೆರಿಕದ ಐಬಿಸಿ ಸಂಹಿತೆಯ ಗುರುತು. ಅಲ್ಲಿ ಇ ಅಂದರೆ 12ನೇ ತರಗತಿವರೆಗಿನ ಶಾಲೆ, ಎ ಅಂದರೆ ಸಭೆ. ಶಾಲೆಗೆ ಸೇರಿದ ಸಭಾಸ್ಥಳವನ್ನು ಬೇರೆ ವರ್ಗವಾಗಿ ಎಣಿಸಬೇಕಿಲ್ಲ ಅಂತ ಅವರು ನೇರವಾಗಿಯೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಇ ಅಂದರೆ ಆಫೀಸು ಕಟ್ಟಡ! ಅಂಥ ನಕ್ಷೆ ಕೊಟ್ಟರೆ ಪರಿಶೀಲಿಸುವವರು ತಲೆ ಕೆರೆದುಕೊಳ್ಳುತ್ತಾರೆ. ಇನ್ನೊಂದು ಮಾತು, ಅಮೆರಿಕದಲ್ಲೂ ವರ್ಗ ಇ ಆಯ್ತು ಅಂತ ಜನಸಂಖ್ಯೆಯ ಲೆಕ್ಕ ಮಾಫಿ ಆಗೋದಿಲ್ಲ. ಹಾಲ್‌ನ ಬಾಗಿಲನ್ನ ಹಾಲ್‌ನ ಮಂದಿಗೇ ಅಳೀತಾರೆ. ಎರಡೂ ದೇಶದಲ್ಲಿ ಬದುಕು ಉಳಿಸೋದು ಆ ಲೆಕ್ಕ, ಅಕ್ಷರವಲ್ಲ.

ಈಗ ಆ ಲೆಕ್ಕಕ್ಕೇ ಬರೋಣ. ಹಾಲ್ 20 ಮೀಟರ್‌ಗೆ 12 ಮೀಟರ್ ಅಂತ ಹಿಡಿಯಿರಿ, ನಮ್ಮ ಮೇಸ್ತ್ರಿ ಲೆಕ್ಕದಲ್ಲಿ 66 ಅಡಿಗೆ 40 ಅಡಿ ಹತ್ತಿರ. ಒಟ್ಟು 240 ಚದರ ಮೀಟರ್. ಶಾಲೆಗೆ ಎನ್‌ಬಿಸಿ ಕೊಟ್ಟಿರುವ ಪ್ರಮಾಣ ತಲೆಗೆ 4 ಚದರ ಮೀಟರ್. ಹಾಗೆ ಭಾಗಿಸಿದರೆ 60 ಮಂದಿ ಬರುತ್ತೆ. 60 ಮಂದಿ ಒಂದು ತರಗತಿಯ ಮಕ್ಕಳೇ ಆದರು, ಅಷ್ಟಕ್ಕೆ ಯಾರೂ ಹಾಲ್ ಕಟ್ಟೋದಿಲ್ಲ. ಆ 4 ಚದರ ಮೀಟರ್ ಇಡೀ ಶಾಲೆಯ ಕಟ್ಟಡಕ್ಕೆ ಹೊಂದುವ ಅಂಕಿ, ಒತ್ತಾಗಿ ಕೂರುವ ಹಾಲ್‌ಗಲ್ಲ. ಕಾಯಂ ಆಸನವಿಲ್ಲದೆ ಒತ್ತಾಗಿ ಸೇರುವ ಸಭೆಗೆ ತಲೆಗೆ 0.65 ಚದರ ಮೀಟರ್, ಅಂದರೆ ಸುಮಾರು 7 ಚದರ ಅಡಿ. 240ನ್ನ 0.65ರಿಂದ ಭಾಗಿಸಿ: 369. ಸ್ವಲ್ಪ ಸಡಿಲವಾಗಿ ಸೇರುವ ಬಳಕೆಗೆ 1.4 ಹಿಡಿದರೆ 171.

ಒಂದೇ ಹಾಲ್, ಮೂರು ಅಂಕಿ. ಯಾವುದನ್ನ ಹಿಡೀಬೇಕು? ವರ್ಷದಲ್ಲಿ ಒಂದೇ ದಿನ ಆದರೂ ಸರಿ, ಅತಿ ಹೆಚ್ಚು ಮಂದಿ ಸೇರುವ ದಿನದ್ದು. ವರ್ಗ ಬಿ-1ರಲ್ಲೇ ಉಳಿಸಿಕೊಂಡರೂ ಬಾಗಿಲು, ಮೆಟ್ಟಿಲನ್ನು 369ಕ್ಕೇ ಅಳೆಯಿರಿ. ನಾನು ಒಪ್ಪಂದ ಮಾಡಿಕೊಳ್ಳದ ವಿಷಯ ಇದೊಂದೇ.

ಸಮತಟ್ಟು ದಾರಿ, ಬಾಗಿಲು, ರ‍್ಯಾಂಪಿಗೆ ತಲೆಗೆ 6.5 ಮಿಲಿಮೀಟರ್ ಅಗಲ ಬೇಕು, ಮೆಟ್ಟಿಲಿಗೆ 10. ಬಾಗಿಲಿಗೆ 369 ಗುಣಿಸು 6.5, ಸುಮಾರು 2.4 ಮೀಟರ್. ಸಭಾಕಟ್ಟಡದ ನಿರ್ಗಮನ ಬಾಗಿಲು ಒಂದೊಂದೂ 2 ಮೀಟರ್‌ಗಿಂತ ಕಡಿಮೆ ಇರಬಾರದು ಅಂತ ಎನ್‌ಬಿಸಿ ಕೇಳುತ್ತೆ, ಉಳಿದ ಕಟ್ಟಡಗಳಿಗೆ 1 ಮೀಟರ್ ಸಾಕು. ಹಾಗಾಗಿ ಎರಡು ಮೀಟರಿನ ಎರಡು ಬಾಗಿಲು, ಒಂದರಿಂದ ಒಂದು ಆದಷ್ಟು ದೂರ. ಅವುಗಳಲ್ಲಿ ಒಂದರ ಮುಂದೆಯೇ ಹೊಗೆ ತುಂಬಿದರೆ ಇನ್ನೊಂದು 307 ಮಂದಿಗೆ ಸಾಲುತ್ತೆ, 62 ಮಂದಿ ಉಳೀತಾರೆ. ಅದಕ್ಕೆ ವೇದಿಕೆ ಪಕ್ಕದಲ್ಲಿ ಮೂರನೇ ಬಾಗಿಲು ನನ್ನ ನಕ್ಷೆಗಳಲ್ಲಿ ಇದ್ದೇ ಇರುತ್ತೆ. ಕುಣಿಯೋ ಮಕ್ಕಳು ಬಂದು ಹೋಗೋಕೂ ಅದು ಬೇಕು.

ಮೆಟ್ಟಿಲಿನ ಲೆಕ್ಕ ಮಾಡಿದಾಗಲೇ "ಮ್ಯಾಲೆ ಒಂದು ಹಾಲ್" ಅನ್ನೋ ಆಸೆ ಇಳಿಯೋದು. ಶಾಲೆಯ ಮೆಟ್ಟಿಲಿಗೆ ಕನಿಷ್ಠ ಅಗಲ 1.5 ಮೀಟರ್. ಅಂಥವು ಎರಡಿದ್ದರೆ 3 ಮೀಟರ್, ಅಂದರೆ 300 ಮಂದಿಗೆ. ನಮಗೆ ಬೇಕಿರೋದು 3.69 ಮೀಟರ್. ಸಭಾಂಗಣದ ಮೆಟ್ಟಿಲು 2 ಮೀಟರ್ ಇರಬೇಕು, 150 ಮಂದಿವರೆಗಿನದಕ್ಕೆ ಮಾತ್ರ 1.5 ನಡೆಯುತ್ತೆ. ಎರಡು ಮೆಟ್ಟಿಲನ್ನೂ 2 ಮೀಟರ್ ಮಾಡಿದರೆ ಎರಡು ಕ್ಲಾಸ್‌ರೂಮಿನ ಅಂಚು ಕತ್ತರಿಸಬೇಕು. ಖರ್ಚು ಕೇಳಿದ ಮೇಲೆ "ಹಂಗಾದ್ರ ಕೆಳಗೇ ಹಾಕ್ರಿ" ಅಂತಾರೆ. ಹಾಕ್ತೀನಿ, ಖುಷಿಯಿಂದ. ನೆಲಮಹಡಿಯ ಹಾಲ್‌ಗೆ ಬಾಗಿಲು ತೆಗೆದರೆ ಅಂಗಳ, ಮೆಟ್ಟಿಲಿನ ತಲೆನೋವೇ ಇಲ್ಲ.

ಮೇಲೆಯೇ ಬೇಕು ಅಂದರೆ ಮೆಟ್ಟಿಲಿನ ಕಲ್ಲಿನ ಬಗ್ಗೆ ಒಂದು ಮಾತು. ಶಹಾಬಾದ ಕಲ್ಲು ನಮ್ಮ ಮನೆಬಾಗಿಲಲ್ಲೇ ಸಿಗುತ್ತೆ, ಅಗ್ಗ, ಬೇಸಿಗೆಗೆ ತಂಪು. ಆದರೆ ಪಾಲಿಶ್ ಹೊಡೆಸಿದ ಕಲ್ಲು ನೀರು ಬಿದ್ದರೆ ಕಾಲು ನಿಲ್ಲೋದಿಲ್ಲ. ಮೆಟ್ಟಿಲಿಗೆ ಒರಟು ಮುಖದ ಕಲ್ಲನ್ನೇ ಹಾಕಿಸಿ, ಅಂಚಿಗೆ ಗೀರು ಹೊಡೆಸಿ. ಎತ್ತರ 150 ಮಿಲಿಮೀಟರ್ ದಾಟಬಾರದು, ಕಾಲಿಡುವ ಅಗಲ 300ಕ್ಕಿಂತ ಕಡಿಮೆ ಆಗಬಾರದು. ಎಲ್ಲ ಮೆಟ್ಟಿಲೂ ಒಂದೇ ಅಳತೆ ಇರಲಿ. ಕೊನೆಯ ಮೆಟ್ಟಿಲಲ್ಲಿ ಉಳಿದ ವ್ಯತ್ಯಾಸ ಮುಗಿಸೋ ಚಾಳಿ ಮೇಸ್ತ್ರಿಗಳಿಗಿದೆ, ಮಕ್ಕಳು ಮುಗ್ಗರಿಸೋದು ಅಲ್ಲೇ.

ಕಟ್ಟಿದ ಮೇಲೆ ಬಾಗಿಲಿನ ಗತಿ ಏನಾಗುತ್ತೆ ಅಂತ ನೋಡೋಕೆ ಹಳೆಯ ಹಾಲ್‌ಗಳಿಗೆ ಹೋಗಿ. ತಾಲ್ಲೂಕು ಕೇಂದ್ರವೊಂದರ ಶಾಲೆಯಲ್ಲಿ ಕಂಡದ್ದು ಹೇಳ್ತೀನಿ: ನಾಲ್ಕಡಿಯ ಜೋಡಿ ಬಾಗಿಲು, ಅದರಲ್ಲಿ ಎಡಗಡೆಯದಕ್ಕೆ ಮೇಲೆ ಕೆಳಗೆ ಚಿಲಕ ಹಾಕಿ ತುಕ್ಕು ಹಿಡಿದಿತ್ತು. ಬಲಗಡೆಯದು ಒಳಕ್ಕೆ ತೆರೆಯುತ್ತಿತ್ತು. ಅದರಾಚೆ ಚಾನೆಲ್ ಗೇಟು, ಅರ್ಧ ಎಳೆದದ್ದು, ಹೊರಗಿನ ಹುಡುಗರು ನುಗ್ಗಬಾರದು ಅಂತ. ಇನ್ನೊಂದು ಬಾಗಿಲಿದ್ದ ಜಾಗದಲ್ಲಿ ಆಳೆತ್ತರದ ಕೂಲರ್ ನಿಂತಿತ್ತು. ಏಪ್ರಿಲ್‌ನಲ್ಲಿ ಇಲ್ಲಿ 42 ಡಿಗ್ರಿ ಇರುವಾಗ ಕೂಲರ್ ಬೇಡ ಅನ್ನೋಕಾಗಲ್ಲ, ಆದರೆ ಅದರ ಜಾಗ ಕಿಟಕಿ. ನಕ್ಷೆಯಲ್ಲೇ ಎರಡು ಕಿಟಕಿಯನ್ನ ಕೂಲರ್ ಅಳತೆಗೆ ಮಾಡಿ, ಪಕ್ಕದಲ್ಲಿ ಪ್ಲಗ್ ಪಾಯಿಂಟ್, ನಲ್ಲಿ ಕೊಟ್ಟುಬಿಡಿ. ಆ ಹಾಲ್‌ನ ಲೆಕ್ಕ ಹಾಕಿದರೆ ತೆರೆಯುವ ಅಗಲ ಎರಡಡಿ, ಅಂದರೆ 90 ಚಿಲ್ಲರೆ ಮಂದಿಗೆ. ಗೋಡೆಯ ಮೇಲೆ ಮಾತ್ರ ಬೆಂಕಿ ಆರಿಸುವ ಸಿಲಿಂಡರ್ ಫಳಫಳ ಹೊಳೀತಿತ್ತು.

ಬಾಗಿಲುಗಳು ಹೊರಕ್ಕೇ ತೆರೀಬೇಕು. ತೆರೆದ ಕೂಡಲೇ ಮೆಟ್ಟಿಲು ಶುರುವಾಗಬಾರದು, ಬಾಗಿಲಿನಷ್ಟಾದರೂ ಅಗಲದ ಕಟ್ಟೆ ನಡುವೆ ಇರಲಿ. ಹಾಲ್‌ನ ಯಾವ ಮೂಲೆಯಿಂದಲೂ ನಿರ್ಗಮನಕ್ಕೆ 30 ಮೀಟರ್ ಮೀರಬಾರದು. 20ಕ್ಕೆ 12ರ ಹಾಲ್‌ನಲ್ಲಿ ಇದು ತಾನಾಗಿಯೇ ಸರಿಹೋಗುತ್ತೆ.

ಬಾಡಿಗೆಗೆ ಕೊಡೋ ಹಾಲ್ ಆದರೆ ಇನ್ನೊಂದು ಕಟ್ಟಲೆ. ಒಂದೇ ಕಟ್ಟಡದಲ್ಲಿ ಎರಡು ಬಳಕೆ ಇದ್ದು, ನಡುವೆ ತಕ್ಕ ಬೆಂಕಿ ನಿರೋಧಕ ಗೋಡೆ ಇಲ್ಲದಿದ್ದರೆ, ಹೆಚ್ಚು ಅಪಾಯದ ಬಳಕೆಗೆ ಹೇಳಿದ ನಿಯಮ ಇಡೀ ಕಟ್ಟಡಕ್ಕೆ ಅನ್ವಯ. ಅಂದರೆ ಒಂದು ಹಾಲ್ ಬಾಡಿಗೆಯ ಆಸೆಗೆ ಕ್ಲಾಸ್‌ರೂಮುಗಳ ಮೇಲೂ ಖರ್ಚು ಬೀಳುತ್ತೆ. ಹಾಲನ್ನು ಬೇರೆ ಕಟ್ಟಡವಾಗಿ ಅಂಗಳದ ಇನ್ನೊಂದು ಬದಿಗೆ ಕಟ್ಟಿ, ರಸ್ತೆಯಿಂದ ಪ್ರತ್ಯೇಕ ಗೇಟು ಕೊಡೋದು ಅಗ್ಗ. ಬಿಸಿಯೂಟದ ಅಡುಗೆಮನೆಯನ್ನ ಹಾಲ್‌ಗೆ ಅಂಟಿಸಬೇಡಿ. 2004ರಲ್ಲಿ ಕುಂಭಕೋಣಂನ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಹೋದರು. ಅದರ ನಂತರದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2009ರಲ್ಲಿ ಶಾಲಾ ಕಟ್ಟಡಗಳು ಎನ್‌ಬಿಸಿ ಪಾಲಿಸಬೇಕು ಅಂದದ್ದು.

"ಹಾಲ್ ಬ್ಯಾಡ, ಶಾಮಿಯಾನ ಹಾಕ್ತೀವಿ" ಅನ್ನುವವರಿಗೆ ಹರಿಯಾಣದ ಡಬ್ವಾಲಿ ಹೇಳ್ತೀನಿ. 1995ರ ಡಿಸೆಂಬರ್ 23, ಶಾಲೆಯೊಂದರ ವಾರ್ಷಿಕೋತ್ಸವ, ನಡೆದದ್ದು ಮದುವೆ ಮಂಟಪದಲ್ಲಿ, ಮೇಲೆ ಸಿಂಥೆಟಿಕ್ ಬಟ್ಟೆಯ ಚಪ್ಪರ. ಸತ್ತವರು 400ಕ್ಕೂ ಹೆಚ್ಚು, ಅರ್ಧಕ್ಕೂ ಹೆಚ್ಚು ಮಕ್ಕಳು. ಶಾಮಿಯಾನಕ್ಕೂ ಅದೇ ಲೆಕ್ಕ: ಎಷ್ಟು ಮಂದಿ, ಎಷ್ಟು ಅಗಲದ ದಾರಿ, ಎಷ್ಟು ಕಡೆ.

ಕೊನೆಗೆ ಕಾಗದ. ನಕ್ಷೆಯ ಮೇಲೆ "ಬಹೂಪಯೋಗಿ ಸಭಾಂಗಣ" ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಹಾಲ್‌ನ ಒಳಗೇ ಹೀಗೆ ಬರೆಸಿ: ಬಳಕೆ ಏನು, ಗುಂಪು ಬಿ-1 ಅಥವಾ ಡಿ-3, ವಿಸ್ತೀರ್ಣ 240 ಚದರ ಮೀಟರ್, ತಲೆಗೆ 0.65, ಜನಸಂಖ್ಯೆ 369, ಬೇಕಾದ ಅಗಲ ಎಷ್ಟು, ಕೊಟ್ಟದ್ದು ಎಷ್ಟು. ಮಾನ್ಯತೆ ನವೀಕರಣಕ್ಕೆ ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆಯ ದಾಖಲೆ ಕೇಳಿದಾಗ ಆ ನಾಲ್ಕು ಸಾಲು ನಿಮ್ಮ ಪರವಾಗಿ ಮಾತಾಡ್ತವೆ. ಬಿ-1 ಅಂತ ಬರೆಸಿದ್ದರೆ ಆಡಳಿತ ಮಂಡಳಿಯ ಠರಾವಿನಲ್ಲೂ "ಹೊರಗಿನ ಕಾರ್ಯಕ್ರಮಕ್ಕೆ ಕೊಡುವುದಿಲ್ಲ" ಅಂತ ಸೇರಿಸಿ, ಅದರ ಪ್ರತಿ ನಕ್ಷೆಯ ಜೊತೆ ಇಡಿ. 369 ಅನ್ನೋ ಅಂಕಿಯನ್ನ ಬಾಗಿಲ ಮೇಲೆ ಕನ್ನಡದಲ್ಲಿ, ಬೇಕಾದ ಕಡೆ ಉರ್ದುವಿನಲ್ಲೂ, ಪೇಂಟ್‌ನಲ್ಲೇ ಬರೆಸಿ. ಫ್ಲೆಕ್ಸ್ ಹಾಕಿದರೆ ಮುಂದಿನ ವಾರ್ಷಿಕೋತ್ಸವಕ್ಕೆ ಅತಿಥಿಗಳ ಫೋಟೋ ಅದರ ಮೇಲೆ ಬಂದಿರುತ್ತೆ.