ನಾಲ್ಕನೇ ಲೈನಿನವರಿಗೆ ಬೆಲೆ ಕಟ್ಟುವುದು: ನನ್ನ ಅನುಭವ

ಟೊರಾಂಟೊ ಕಡೆ ನೆಲೆಸಿರುವ ನಮ್ಮ ಕನ್ನಡದವರಲ್ಲಿ ಐಸ್ ಹಾಕಿಯ ಹುಚ್ಚು ಹಿಡಿದವರು ಈಗ ಕಮ್ಮಿ ಏನಿಲ್ಲ. ಮಾತು ಶುರುವಾದರೆ ಆಸ್ಟನ್ ಮ್ಯಾಥ್ಯೂಸ್ ಹೊಡೆದ ಗೋಲು, ಕಾನರ್ ಮೆಕ್‌ಡೇವಿಡ್‌ನ ವೇಗ, ಇದರ ಸುತ್ತಲೇ ತಿರುಗುತ್ತದೆ. ಅದು ಸಹಜವೇ. ನಾನು ಮಾತ್ರ ಹಲವು ಚಳಿಗಾಲಗಳಿಂದ ನೋಟ್‌ಬುಕ್ ಹಿಡಿದು ನೋಡುತ್ತಿರುವುದು ಬೇರೆ ಬಗೆಯ ಆಟಗಾರರನ್ನು. ಮೂರನೇ, ನಾಲ್ಕನೇ ಲೈನಿನಲ್ಲಿ ಆಡುವವರನ್ನು. ಮೈ ಮುರಿದು ಆಡುತ್ತಾರೆ, ಮರುದಿನದ ಸುದ್ದಿಯಲ್ಲಿ ಅವರ ಹೆಸರು ಇರುವುದಿಲ್ಲ.

ಹೊಸಬರಿಗಾಗಿ ಒಂದೆರಡು ಮಾತು. ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್. ಅದರ ಪಂದ್ಯಕ್ಕೆ ಒಂದು ತಂಡದಿಂದ 18 ಆಟಗಾರರು, 2 ಗೋಲಿಗಳು (ಗೋಲು ಕಾಯುವವರು) ಸಜ್ಜಾಗುತ್ತಾರೆ. ಸಾಮಾನ್ಯವಾಗಿ ಅವರಲ್ಲಿ 12 ಜನ ಫಾರ್ವರ್ಡ್‌ಗಳು, ಅಂದರೆ ಮುಂದೆ ಆಡುವವರು. ಮೂವರಿಗೊಂದು ಲೈನ್, ಒಟ್ಟು ನಾಲ್ಕು ಲೈನ್. ಒಂದು ಲೈನ್ ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಬರುತ್ತದೆ, ಇನ್ನೊಂದು ಇಳಿಯುತ್ತದೆ. ಇದೇ ಶಿಫ್ಟ್. 60 ನಿಮಿಷದ ಪಂದ್ಯದಲ್ಲಿ ದೊಡ್ಡ ಆಟಗಾರರಿಗೆ 20 ನಿಮಿಷದಷ್ಟು ಸಿಗುತ್ತದೆ. ನಾಲ್ಕನೇ ಲೈನಿನವರಿಗೆ ಒಂಬತ್ತೋ ಹತ್ತೋ ನಿಮಿಷ.

ನಾನು ಈ ಕೆಲಸಕ್ಕೆ ಇಳಿದದ್ದು ಒಂದು ಜೂನಿಯರ್ ತಂಡದ ಕೋಚ್ ಮೂಲಕ. ವಾರಾಂತ್ಯದಲ್ಲಿ ಅವರ ಪಂದ್ಯಗಳ ವಿಡಿಯೊ ನೋಡಿ ಲೆಕ್ಕ ಬರೆದುಕೊಡುತ್ತೇನೆ. ಮೊದಲ ಸಲ ಕೂತಾಗಲೇ ಅವರು ಹೇಳಿದರು: "ಈ ಹುಡುಗ ಎಷ್ಟು ಓಡಾಡಿದ ಅನ್ನೋದು ನನಗೆ ಬೇಡ. ಇವನು ಬೆಂಚಿಗೆ ವಾಪಸ್ ಬಂದಾಗ ಪಕ್ ಎಲ್ಲಿತ್ತು, ಅದನ್ನು ಬರೆದುಕೊಡಿ." ಪಕ್ ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ. ನನ್ನ ಲೆಕ್ಕವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಯಾಕೆ ಅಂದರೆ, "ತುಂಬಾ ಕಷ್ಟಪಟ್ಟು ಆಡ್ತಾನೆ" ಅನ್ನುವುದು ಎನ್‌ಎಚ್‌ಎಲ್‌ನಲ್ಲಿ ಎಲ್ಲರಿಗೂ ಹೊಂದುವ ಮಾತು. ಕಷ್ಟಪಡದವನು ಅಲ್ಲಿವರೆಗೆ ಬರುವುದೇ ಇಲ್ಲ, ಅಲ್ವಾ? ಹಾಗಾಗಿ ಶ್ರಮವನ್ನು ಅಳೆಯಲು ಜನ ಹಿಟ್ಸ್ ಎಣಿಸುತ್ತಾರೆ, ಅಂದರೆ ಎದುರಾಳಿಗೆ ಮೈ ಕೊಟ್ಟು ಡಿಕ್ಕಿ ಹೊಡೆದದ್ದು. ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಮ್ಯಾಟ್ ಮಾರ್ಟಿನ್ 2014-15ರಲ್ಲಿ 382 ಹಿಟ್ ಹಾಕಿದ್ದ. ಆಗ ಅದು ಒಂದು ಸೀಸನ್ನಿನ ದಾಖಲೆ. ಆದರೆ ಹಿಟ್ ಹಾಕಬೇಕಾದರೆ ಪಕ್ ಎದುರಾಳಿಯ ಹತ್ತಿರ ಇರಬೇಕು. ಪಂದ್ಯವಿಡೀ ಪಕ್ ಸಿಗದೆ ಅಟ್ಟಿಸಿಕೊಂಡು ಹೋಗುವ ತಂಡಕ್ಕೆ ಹಿಟ್ಸ್ ತಾನಾಗಿಯೇ ಜಾಸ್ತಿ ಆಗುತ್ತವೆ. ಸಾಲದ್ದಕ್ಕೆ, ಇವನ್ನು ಎಣಿಸುವವರು ಆಯಾ ಊರಿನ ರಿಂಕಿನಲ್ಲಿ ಕೂತ ಅಧಿಕಾರಿಗಳು. ಒಂದು ರಿಂಕಿನಲ್ಲಿ ಹಿಟ್ ಅನಿಸಿಕೊಂಡದ್ದು ಇನ್ನೊಂದರಲ್ಲಿ ಬರೀ ತಾಗಿದ್ದು. ಹಿಟ್ಸ್ ನೋಡಲೇಬೇಕು ಅನಿಸಿದರೆ ನಾನು ಹೊರ ಊರಿನ ಪಂದ್ಯಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ. ಆಗ ಲೆಕ್ಕ ಬರೆದ ಕೈ ಹಲವರದ್ದಾಗಿರುತ್ತದೆ.

ಮಾರ್ಟಿನ್ ಬರೀ ಡಿಕ್ಕಿ ಹೊಡೆಯುವವನು ಅಂತ ಇದರ ಅರ್ಥ ಅಲ್ಲ. ಅವನು, ಕೇಸಿ ಸಿಜಿಕಸ್, ಕ್ಯಾಲ್ ಕ್ಲಟರ್‌ಬಕ್ ಸೇರಿದ ಲೈನನ್ನು ನಾನು ತುಂಬಾ ನೋಡಿದ್ದೇನೆ. ಕೋಚ್ ಬ್ಯಾರಿ ಟ್ರಾಟ್ಸ್ ಎಷ್ಟೋ ಪಂದ್ಯಗಳನ್ನು ಈ ಮೂವರಿಂದಲೇ ಶುರು ಮಾಡಿಸುತ್ತಿದ್ದರು. ಪಕ್ಕನ್ನು ಎದುರಾಳಿಯ ಮೂಲೆಗೆ ಹಾಕಿ, ಹಿಂದೆಯೇ ನುಗ್ಗಿ, ಅಲ್ಲೇ ಸಿಕ್ಕಿಸಿಡುವುದು ಅವರ ಕೆಲಸ. ಡಿಕ್ಕಿ ಆ ಕೆಲಸಕ್ಕೆ ಬೇಕಾದ ಸಾಧನ ಅಷ್ಟೆ. ಪಕ್ ಅಲ್ಲೇ ಉಳಿಯಿತಾ ಅನ್ನುವುದನ್ನು ಬೇರೆಯಾಗಿಯೇ ನೋಡಬೇಕು.

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಶಿಫ್ಟಿಗೆ ಒಂದು ಸಾಲು. ಎಲ್ಲಿ ಶುರುವಾಯಿತು, ಎದುರಿಗೆ ಯಾವ ಲೈನ್ ಇತ್ತು, ಎಲ್ಲಿ ಮುಗಿಯಿತು, ಅವರ ನಂತರ ಇಳಿದ ನಮ್ಮ ಲೈನಿಗೆ ಏನು ಸಿಕ್ಕಿತು. ಈ ಕೊನೆಯದೇ ಮುಖ್ಯ. ನೋಡುವವರ ಕಣ್ಣು ಅಷ್ಟರಲ್ಲಿ ಮುಂದಿನ ಲೈನಿನ ಮೇಲೆ ಹೋಗಿರುತ್ತದೆ, ಹಾಗಾಗಿ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಒಂದು ಒಳ್ಳೆಯ ಶಿಫ್ಟ್ ಹೇಗಿರುತ್ತದೆ ಅಂತ ಹೇಳುತ್ತೇನೆ. ನಮ್ಮ ಗೋಲಿನ ಪಕ್ಕದಲ್ಲೇ ಫೇಸ್‌ಆಫ್, ಅಂದರೆ ಎರಡೂ ಕಡೆಯ ಒಬ್ಬೊಬ್ಬರ ನಡುವೆ ಪಕ್ ಬಿಟ್ಟು ಆಟ ಶುರು ಮಾಡುವುದು. ಎದುರಿಗೆ ಅವರ ಮೊದಲನೇ ಲೈನ್. ನಮ್ಮ ನಾಲ್ಕನೇ ಲೈನಿನ ಸೆಂಟರ್ ಪಕ್ಕನ್ನು ಹಿಂದಕ್ಕೆ ಎಳೆಯುತ್ತಾನೆ. ಡಿಫೆನ್ಸ್‌ಮನ್ ಅದನ್ನು ಬೋರ್ಡಿನ ಗುಂಟ ಮೇಲಕ್ಕೆ ತಳ್ಳುತ್ತಾನೆ. ಅಲ್ಲಿ ಕಾದಿದ್ದ ವಿಂಗರ್ ಬೆನ್ನ ಮೇಲೆ ಏಟು ತಿನ್ನುತ್ತಲೇ ಸ್ಕೇಟಿನಿಂದ ಪಕ್ಕನ್ನು ನಮ್ಮ ವಲಯದ ಅಂಚಿನ ನೀಲಿ ಗೆರೆ ದಾಟಿಸುತ್ತಾನೆ. ನಡು ಗೆರೆ ಮುಟ್ಟಿದ ಮೇಲೆ ಅದನ್ನು ಅವರ ಮೂಲೆಗೆ ಹಾಕುತ್ತಾರೆ. ಇಬ್ಬರು ಹಿಂದೆಯೇ ಹೋಗಿ ಡಿಫೆನ್ಸ್‌ಮನ್‌ನನ್ನು ಮೂಲೆಯಲ್ಲಿ ಕಟ್ಟಿಹಾಕುತ್ತಾರೆ. ಪಾಸ್ ಕೊಡಲು ದಾರಿ ಕಾಣದೆ ಅವನು ಪಕ್ಕನ್ನು ಸುಮ್ನೆ ಉದ್ದಕ್ಕೆ ಬೀಸಿಬಿಡುತ್ತಾನೆ. ಅದು ಯಾರಿಗೂ ತಾಗದೆ ನಮ್ಮ ಗೋಲಿನ ಗೆರೆ ದಾಟುತ್ತದೆ. ಲೈನ್ಸ್‌ಮನ್ ಐಸಿಂಗ್ ಅಂತ ಸೀಟಿ ಊದುತ್ತಾನೆ.

ಈಗ ನಿಯಮ ಗಮನಿಸಿ. ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವ ಹಾಗಿಲ್ಲ. ಫೇಸ್‌ಆಫ್ ಅವರ ಗೋಲಿನ ಹತ್ತಿರವೇ. ಏದುಸಿರು ಬಿಡುತ್ತಿರುವ ಆ ಐವರು ಅಲ್ಲೇ ನಿಲ್ಲಬೇಕು. ನಾವು ಬದಲಿಸಬಹುದು, ನಮ್ಮ ಮೊದಲನೇ ಲೈನ್ ತಾಜಾ ಕಾಲುಗಳಲ್ಲಿ ಇಳಿಯುತ್ತದೆ. ಹತ್ತು ಸೆಕೆಂಡಿನಲ್ಲಿ ಗೋಲಾದರೆ ಹೆಸರು ಅವರದ್ದು. ನಾಲ್ಕನೇ ಲೈನಿನ ಮೂವರಿಗೆ ಅಂಕಪಟ್ಟಿಯಲ್ಲಿ ಸೊನ್ನೆ. ಒಂದು ಶಾಟ್ ಕೂಡ ಇಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಆ ಸಾಲಿಗೆ ದಪ್ಪ ಟಿಕ್ ಬೀಳುತ್ತದೆ.

ಟಿವಿಯಲ್ಲಿ ಇದನ್ನು ಹಿಡಿಯುವುದು ಕಷ್ಟ. ಕ್ಯಾಮೆರಾ ಪಕ್ ಹಿಂದೆ ಹೋಗುತ್ತದೆ, ಯಾರು ಯಾವಾಗ ಬೆಂಚಿಗೆ ಬಂದರು ಕಾಣುವುದಿಲ್ಲ. ಸಾಧ್ಯವಾದಾಗ ರಿಂಕಿಗೇ ಹೋಗಿ ಎತ್ತರದ ಸೀಟಿನಲ್ಲಿ ಕೂರಬೇಕು. ಎನ್‌ಎಚ್‌ಎಲ್ ಪಂದ್ಯ ನಡೆಯುವ ಸ್ಕೋಶಿಯಾಬ್ಯಾಂಕ್ ಅರೀನಾದ ಟಿಕೆಟ್ ದರ ಎಲ್ಲರಿಗೂ ಗೊತ್ತು. ನಾನು ಜಾಸ್ತಿ ಹೋಗುವುದು ಕೋಕಾ-ಕೋಲಾ ಕೊಲಿಸಿಯಂಗೆ. ಅಲ್ಲಿ ಟೊರಾಂಟೊದ ಎನ್‌ಎಚ್‌ಎಲ್ ತಂಡ ಮೇಪಲ್ ಲೀಫ್ಸ್‌ನ ಕೆಳಗಿನ ತಂಡ ಮಾರ್ಲೀಸ್, ಒಂದು ಮೆಟ್ಟಿಲು ಕೆಳಗಿನ ಲೀಗ್ ಎಎಚ್‌ಎಲ್‌ನಲ್ಲಿ ಆಡುತ್ತದೆ. ಅವರೂ ವೃತ್ತಿಪರರೇ. ನಾಳೆ ಲೀಫ್ಸ್‌ನ ನಾಲ್ಕನೇ ಲೈನಿಗೆ ಬರುವವರು ಅಲ್ಲೇ ಇರುತ್ತಾರೆ. ಅವರನ್ನು ನೋಡಿದ್ದರೆ ಮೇಲಿನವನು ನಿಜಕ್ಕೂ ಎಷ್ಟು ಮೇಲು ಅಂತ ತಿಳಿಯುತ್ತದೆ.

ಎರಡನೇ ಅವಧಿಯನ್ನು ಕಣ್ಣು ಮಿಟುಕಿಸದೆ ನೋಡುತ್ತೇನೆ. ಆ 20 ನಿಮಿಷ ತಂಡಗಳು ಗೋಲಿನ ಕಡೆ ಅದಲುಬದಲು ಮಾಡಿಕೊಂಡಿರುತ್ತವೆ, ಹಾಗಾಗಿ ನಮ್ಮ ಬೆಂಚು ನಮ್ಮ ಗೋಲಿಗೆ ದೂರ, ಎದುರಾಳಿಯ ಗೋಲಿಗೆ ಹತ್ತಿರ. ನಮ್ಮ ವಲಯದಲ್ಲಿ ಸಿಕ್ಕಿಬಿದ್ದರೆ ಬೆಂಚಿಗೆ ಓಡಿಬರಲು ಆಗುವುದಿಲ್ಲ. 45 ಸೆಕೆಂಡಿನ ಶಿಫ್ಟ್ ಒಂದೂವರೆ ನಿಮಿಷ ಆಗುತ್ತದೆ, ಕಾಲು ಸೀಸದಂತಾಗುತ್ತವೆ. ಒಬ್ಬ ಆಟಗಾರ ನಂಬಿಕೆಗೆ ಎಷ್ಟು ಅರ್ಹ ಅನ್ನುವುದು ಆಗ ಗೊತ್ತಾಗುತ್ತದೆ. ಬೋರ್ಡಿನ ಹತ್ತಿರ ಪಕ್ ಸಿಕ್ಕಾಗ ಧೈರ್ಯವಾಗಿ ಹೊರಗೆ ಹಾಕುತ್ತಾನಾ, ಇಲ್ಲ ಗಾಬರಿಯಲ್ಲಿ ನಡುವಿಗೆ ಕೊಟ್ಟು ಕೈಸುಟ್ಟುಕೊಳ್ಳುತ್ತಾನಾ? ಇದನ್ನು ಸೀಸನ್ ಪೂರ್ತಿ ಗಮನಿಸಿದರೆ ಸಾಕು, ಕೋಚ್ ಕೊನೆ ಎರಡು ನಿಮಿಷಕ್ಕೆ ಯಾರನ್ನು ಇಳಿಸುತ್ತಾರೆ ಅಂತ ಮೊದಲೇ ಹೇಳಬಹುದು.

ಅಂಕಿಅಂಶ ಬೇಡ ಅನ್ನುವವನು ನಾನಲ್ಲ. ಬಫಲೊ ತಂಡದ ಗೋಲಿ ಕೋಚ್ ಆಗಿದ್ದ ಜಿಮ್ ಕಾರ್ಸಿ ಹೆಸರಿನ ಲೆಕ್ಕ ಇದೆ. ಒಬ್ಬ ಆಟಗಾರ ಐಸ್ ಮೇಲಿದ್ದಾಗ ಎರಡೂ ಕಡೆಯವರು ಎಷ್ಟು ಸಲ ಗೋಲಿಗೆ ಗುರಿಯಿಟ್ಟರು ಅಂತ ಎಣಿಸುವುದು. ಅದರ ಮುಂದಿನದು ಎಕ್ಸ್‌ಪೆಕ್ಟೆಡ್ ಗೋಲ್ಸ್: ಪ್ರತಿ ಶಾಟ್ ಎಲ್ಲಿಂದ ಬಂತು, ಗೋಲಾಗುವ ಸಾಧ್ಯತೆ ಎಷ್ಟು ಅಂತ ತೂಕ ಹಾಕುವುದು. ಎರಡನ್ನೂ ನೋಡುತ್ತೇನೆ. ಆದರೆ ನಾಲ್ಕನೇ ಲೈನಿನವನ ವಿಷಯದಲ್ಲಿ ಆತುರ ಪಡುವುದಿಲ್ಲ. ಪಂದ್ಯಕ್ಕೆ ಒಂಬತ್ತು ನಿಮಿಷದಂತೆ ಹತ್ತು ಪಂದ್ಯ ಅಂದರೆ 90 ನಿಮಿಷ, ಪೂರ್ತಿ ಒಂದೂವರೆ ಪಂದ್ಯ. ಅಷ್ಟರಲ್ಲಿ ಗೋಲಿ ಎರಡು ಸುಲಭದ ಶಾಟ್ ಬಿಟ್ಟರೆ ಪ್ಲಸ್-ಮೈನಸ್ (ಅವನು ಐಸ್ ಮೇಲಿದ್ದಾಗ ತಂಡ ಹೊಡೆದ, ಬಿಟ್ಟ ಗೋಲುಗಳ ವ್ಯತ್ಯಾಸ) ಹಾಳಾಗಿಹೋಗುತ್ತದೆ.

ಬಾರ್ಕ್ಲೇ ಗುಡ್ರೋನನ್ನೇ ನೋಡಿ. 2023-24ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ 80 ಲೀಗ್ ಪಂದ್ಯ ಆಡಿ 4 ಗೋಲು ಹೊಡೆದ. ಲೀಗ್ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಅದೇ ವರ್ಷ 16 ಪಂದ್ಯಗಳಲ್ಲಿ 6 ಗೋಲು. ಆ ಎರಡು ತಿಂಗಳಲ್ಲಿ ಮನುಷ್ಯ ಬದಲಾಗಿದ್ದನಾ? ಇಲ್ಲ. ಎದುರಾಳಿಯ ವಲಯಕ್ಕೆ ನುಗ್ಗಿ ಒತ್ತಡ ಹಾಕುವ ಫೋರ್‌ಚೆಕ್ ಅದೇ, ತಂಡದಲ್ಲಿ ಒಬ್ಬ ಕಮ್ಮಿ ಇದ್ದಾಗ ಗೋಲು ತಡೆಯುವ ಪೆನಾಲ್ಟಿ ಕಿಲ್ ಅದೇ. ಪಕ್ ಒಳಗೆ ಹೋಯಿತು, ಅಷ್ಟೆ. ಆ ಜೂನ್‌ನಲ್ಲೇ ರೇಂಜರ್ಸ್ ಅವನನ್ನು ವೇವರ್ಸ್‌ಗೆ ಹಾಕಿತು, ಅಂದರೆ ಬೇಕಾದ ತಂಡ ಅವನನ್ನು ಕರಾರಿನ ಸಮೇತ ತೆಗೆದುಕೊಳ್ಳಬಹುದು ಅಂತ ಬಿಟ್ಟಿತು, ಸ್ಯಾನ್ ಹೋಸೆ ಎತ್ತಿಕೊಂಡಿತು. ಅವನ ಆಟಕ್ಕಿಂತ ಅವನ ಕರಾರು ಭಾರವಾಗಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟದ ಉದಾಹರಣೆ ಮ್ಯಾನಿ ಮಲ್ಹೋತ್ರಾ. ಪಂಜಾಬಿ ಮೂಲದ ತಂದೆಯ ಮಗ. 1998ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಏಳನೆಯವನಾಗಿ ಆಯ್ಕೆಯಾದವನು. 2010ರಲ್ಲಿ ವ್ಯಾಂಕೂವರ್ ಅವನನ್ನು ಮೂರು ವರ್ಷಕ್ಕೆ, ವರ್ಷಕ್ಕೆ 25 ಲಕ್ಷ ಡಾಲರ್‌ಗೆ ಕರೆತಂದಿತು. ಕೋಚ್ ಅಲೈನ್ ವಿನ್ಯೋ ತಮ್ಮ ಗೋಲಿನ ಹತ್ತಿರದ ಫೇಸ್‌ಆಫ್‌ಗಳನ್ನೆಲ್ಲ ಅವನ ತಲೆಗೇ ಕಟ್ಟಿದರು. ಅವನು ಗೆಲ್ಲುತ್ತಿದ್ದದ್ದು ನೂರಕ್ಕೆ 60ಕ್ಕೂ ಹೆಚ್ಚು. ಆ ಭಾರ ಇಳಿದದ್ದರಿಂದ ಅವಳಿ ಸೆಡೀನ್ ಸಹೋದರರು ಎದುರಾಳಿಯ ವಲಯದಲ್ಲೇ ಶುರು ಮಾಡಲು ಆಯಿತು. ಆ ಸೀಸನ್ನಿನಲ್ಲಿ ಡೇನಿಯಲ್ ಸೆಡೀನ್ 104 ಅಂಕ ಗಳಿಸಿ, ಅತಿ ಹೆಚ್ಚು ಅಂಕ ಗಳಿಸಿದವನಿಗೆ ಕೊಡುವ ಆರ್ಟ್ ರಾಸ್ ಟ್ರೋಫಿ ಗೆದ್ದ. ಅದರಲ್ಲಿ ಮಲ್ಹೋತ್ರಾನ ಪಾಲು ಎಷ್ಟು ಅಂತ ಯಾವ ಅಂಕಪಟ್ಟಿಯೂ ಹೇಳುವುದಿಲ್ಲ. ಅವನ ಕಾರ್ಸಿ ಅಂಕಿಯನ್ನು ಮಾತ್ರ ಹಿಡಿದು ನೋಡಿದರೆ ಸಾಧಾರಣ ಆಟಗಾರ ಅನಿಸಬಹುದು. ಬಾವಿಯ ತಳದಿಂದ ಹತ್ತಲು ಶುರು ಮಾಡಿದವನನ್ನು ಕಟ್ಟೆಯ ಮೇಲೆ ಕೂತವನ ಜೊತೆ ಹೋಲಿಸಿದ ಹಾಗೆ. 2011ರ ಮಾರ್ಚ್‌ನಲ್ಲಿ ಪಕ್ ಬಡಿದು ಅವನ ಕಣ್ಣಿಗೆ ದೊಡ್ಡ ಪೆಟ್ಟಾಯಿತು. ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಮುಖಕ್ಕೆ ಪೂರ್ತಿ ರಕ್ಷಣೆ ಹಾಕಿಕೊಂಡು ವಾಪಸ್ ಬಂದ. ಮುಂದೆ ಕೋಚ್ ಆಗಿ 2025ರಲ್ಲಿ ಅಬಾಟ್ಸ್‌ಫರ್ಡ್ ತಂಡಕ್ಕೆ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆಲ್ಲಿಸಿಕೊಟ್ಟ. ನನಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಆದರೆ ಈ ಶುರುವಿನ ಜಾಗದ ಲೆಕ್ಕವನ್ನೂ ಹಿಗ್ಗಿಸಬಾರದು. ಹೆಚ್ಚಿನ ಶಿಫ್ಟ್‌ಗಳು ಫೇಸ್‌ಆಫ್‌ನಿಂದ ಶುರುವಾಗುವುದೇ ಇಲ್ಲ. ಆಟ ನಡೆಯುತ್ತಿರುವಾಗಲೇ ಬೆಂಚಿನಿಂದ ಹಾರಿ ಇಳಿಯುತ್ತಾರೆ. ಅವನ್ನು ಬೇರೆ ಪುಟದಲ್ಲಿ ಬರೆಯುತ್ತೇನೆ.

ಪೆನಾಲ್ಟಿಗಳ ಲೆಕ್ಕ ಚಿಕ್ಕದು, ಆದರೆ ಬಿಡಬೇಡಿ. ಎದುರಾಳಿಗೆ ಪೆನಾಲ್ಟಿ ಆಗಿ ಅವರ ಕಡೆ ಒಬ್ಬ ಕಮ್ಮಿಯಾದಾಗ ನಮಗೆ ಸಿಗುವುದು ಪವರ್ ಪ್ಲೇ. ಅಂಥ ಐದು ಸಿಕ್ಕರೆ ಸುಮಾರು ಒಂದು ಗೋಲಾಗುತ್ತದೆ. ತನ್ನ ಓಟದಿಂದ ಎದುರಾಳಿಯನ್ನು ತಪ್ಪಿಗೆ ಎಳೆಯುವವನು ಒಂದು ಗೋಲಿನ ಐದನೇ ಒಂದು ಭಾಗ ತಂದುಕೊಟ್ಟ ಹಾಗೆ. ಸುಸ್ತಾಗಿ ಸ್ಟಿಕ್ ಸಿಕ್ಕಿಸಿ ತಾನೇ ಪೆನಾಲ್ಟಿ ತಿನ್ನುವವನು ಅಷ್ಟೇ ಕಳೆದ ಹಾಗೆ. ಒಂಬತ್ತು ನಿಮಿಷ ಆಡುವವನಿಗೆ ಇದು ದೊಡ್ಡ ಮೊತ್ತ.

ಇನ್ನು ದುಡ್ಡಿನ ವಿಷಯ. ಆಟಗಾರ ಒಳ್ಳೆಯವನಾ ಅನ್ನುವುದು ಒಂದು ಪ್ರಶ್ನೆ, ಅವನಿಗೆ ಎಷ್ಟು ಕೊಡಬೇಕು ಅನ್ನುವುದು ಇನ್ನೊಂದು. 2005ರಿಂದ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಕಮ್ಮಿ.

ಇದನ್ನು ಟ್ಯಾಂಪಾ ಬೇ ಲೈಟ್ನಿಂಗ್ ಸೊಗಸಾಗಿ ಮಾಡಿ ತೋರಿಸಿತು. 2018-19ರಲ್ಲಿ 62 ಪಂದ್ಯ ಗೆದ್ದ ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತ್ತು. 2020ರ ಫೆಬ್ರವರಿಯಲ್ಲಿ ಜನರಲ್ ಮ್ಯಾನೇಜರ್ ಜೂಲಿಯನ್ ಬ್ರೀಸ್‌ಬ್ವಾ ಇಬ್ಬರನ್ನು ತಂದರು: ನ್ಯೂಜೆರ್ಸಿಯಿಂದ ಬ್ಲೇಕ್ ಕೋಲ್ಮನ್, ಸ್ಯಾನ್ ಹೋಸೆಯಿಂದ ಇದೇ ಗುಡ್ರೋ. ಇಬ್ಬರಿಗೂ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ ಕೊಟ್ಟರು. ಮೂರನೇ ಲೈನಿನವರಿಗೆ ಇಷ್ಟಾ ಅಂತ ಹುಬ್ಬೇರಿಸಿದವರು ಬಹಳ. ಆದರೆ ಕೋಲ್ಮನ್ ಸಂಬಳದ ಮಿತಿಯ ಲೆಕ್ಕಕ್ಕೆ ಬೀಳುತ್ತಿದ್ದದ್ದು ವರ್ಷಕ್ಕೆ 18 ಲಕ್ಷ ಡಾಲರ್, ಗುಡ್ರೋ 9.25 ಲಕ್ಷ. ಇಬ್ಬರ ಕರಾರಿನಲ್ಲೂ ಇನ್ನೊಂದು ವರ್ಷ ಬಾಕಿ ಇತ್ತು. ಅಂದರೆ ಕೊಟ್ಟ ಬೆಲೆಗೆ ಎರಡು ಪ್ಲೇಆಫ್ ಸಿಕ್ಕವು. ಯಾನಿ ಗೂರ್ಡ್ ಜೊತೆ ಆ ಲೈನ್ 2020, 2021 ಎರಡೂ ಕಪ್ ಗೆಲ್ಲಲು ಹೆಗಲು ಕೊಟ್ಟಿತು. ಎರಡೂ ವರ್ಷ ದಾರಿಯಲ್ಲಿ ಸೋಲಿಸಿದ್ದು ಟ್ರಾಟ್ಸ್ ಅವರ ಐಲ್ಯಾಂಡರ್ಸ್ ತಂಡವನ್ನು. ಒಂದು ಕಡೆ ಇವರು, ಇನ್ನೊಂದು ಕಡೆ ಸಿಜಿಕಸ್‌ನ ಲೈನ್. ಆ ಸರಣಿಗಳನ್ನು ನಾನು ಈಗಲೂ ಹಾಕಿಕೊಂಡು ನೋಡುತ್ತೇನೆ.

2021ರ ಬೇಸಿಗೆಯಲ್ಲಿ ಮೂವರೂ ಹೋದರು. ಗೂರ್ಡ್‌ನನ್ನು ಹೊಸ ತಂಡ ಸಿಯಾಟಲ್ ಆರಿಸಿಕೊಂಡಿತು. ಕೋಲ್ಮನ್ ಕ್ಯಾಲ್ಗರಿಗೆ ಆರು ವರ್ಷಕ್ಕೆ, ವರ್ಷಕ್ಕೆ 49 ಲಕ್ಷ. ಗುಡ್ರೋ ರೇಂಜರ್ಸ್‌ಗೆ, ಅವನಿಗೂ ಆರು ವರ್ಷ, ವರ್ಷಕ್ಕೆ 36 ಲಕ್ಷ ಚಿಲ್ಲರೆ. ಕೋಲ್ಮನ್ 2023-24ರಲ್ಲಿ 30 ಗೋಲು ಹೊಡೆದು ಸಂಬಳ ತೀರಿಸಿದ. ಗುಡ್ರೋ ಕಥೆ ಆಗಲೇ ಹೇಳಿದೆ. 9.25 ಲಕ್ಷಕ್ಕೆ ಚಿನ್ನದಂಥ ಆಟಗಾರ 36 ಲಕ್ಷಕ್ಕೆ ಹೊರೆ ಆದ, ಆಡುವ ರೀತಿ ಹೆಚ್ಚುಕಮ್ಮಿ ಅದೇ.

ನಮ್ಮ ಊರಿನಲ್ಲೂ ಇದನ್ನು ನೋಡಿದೆವು. ಲೀಫ್ಸ್ 2023ರಲ್ಲಿ ಡೇವಿಡ್ ಕಾಂಪ್‌ಗೆ ನಾಲ್ಕು ವರ್ಷ, ವರ್ಷಕ್ಕೆ 24 ಲಕ್ಷ ಕೊಟ್ಟಿತು. ಕಷ್ಟದ ಫೇಸ್‌ಆಫ್‌ಗಳನ್ನೆಲ್ಲ ಹೊತ್ತವನು, ನನಗೆ ಅವನ ಆಟ ಇಷ್ಟ. ಆದರೆ 2024ರ ಶರತ್ಕಾಲದಲ್ಲಿ ಸ್ಟೀವನ್ ಲೊರೆಂಟ್ಸ್ ಬರೀ ಟ್ರೈಔಟ್‌ಗೆ, ಅಂದರೆ ಕರಾರಿಲ್ಲದೆ ಪರೀಕ್ಷೆಗೆ ಬಂದ. ಲೀಗಿನ ಕನಿಷ್ಠ ಸಂಬಳ 7.75 ಲಕ್ಷಕ್ಕೆ ಒಂದು ವರ್ಷ ಸಹಿ ಹಾಕಿದ. ನನ್ನ ನೋಟ್‌ಬುಕ್ಕಿನಲ್ಲಿ ಅವನ ಶಿಫ್ಟ್‌ಗಳು ಮುಗಿಯುತ್ತಿದ್ದದ್ದು ಎದುರಾಳಿಯ ಮೂಲೆಯಲ್ಲಿ. ಪ್ಲೇಆಫ್ ಹೊತ್ತಿಗೆ ಲೊರೆಂಟ್ಸ್‌ಗೆ ಜಾಗ ಗಟ್ಟಿಯಾಗಿತ್ತು, ಕಾಂಪ್‌ಗೆ ಪ್ರತಿ ಪಂದ್ಯದಲ್ಲೂ ಇರಲಿಲ್ಲ. ಮರುವರ್ಷಕ್ಕೆ ಲೀಫ್ಸ್ ಲೊರೆಂಟ್ಸ್‌ಗೆ ಮೂರು ವರ್ಷ, ವರ್ಷಕ್ಕೆ 13.5 ಲಕ್ಷ ಕೊಟ್ಟಿತು. ದರ ನನಗೆ ಒಪ್ಪಿಗೆ. ವರ್ಷ ಮಾತ್ರ ಎರಡು ಸಾಕಿತ್ತು. ಈ ಆಟಗಾರರ ಬಂಡವಾಳ ಕಾಲುಗಳು, ಮೂವತ್ತರ ಹತ್ತಿರ ಬಂದವನ ಕಾಲಿಗೆ ಮೂರನೇ ವರ್ಷದ ದುಡ್ಡನ್ನು ನಾನಾಗಿದ್ದರೆ ಮೊದಲೇ ಬರೆದುಕೊಡುತ್ತಿರಲಿಲ್ಲ.