ಅಪ್ಪನಿಗೆ ಗ್ರೀನ್ ಕಾರ್ಡ್ ಇಲ್ಲ, ಮಗಳಿಗೆ ಸರ್ಕಾರಿ ಲೋನ್ ಬಂತು

ಮೊನ್ನೆ ಜನವರಿ ಕಂತು ಬಂತು. ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ ಮಗಳಿಗೆ ಅಮೆರಿಕ ಸರ್ಕಾರ ಕೊಡುವ ಲೋನಿನ ಎರಡನೇ ವರ್ಷದ ಎರಡನೇ ಕಂತು. ಮೊದಲ ವರ್ಷದ ಮೂರೂ ಸೇರಿದರೆ ಒಟ್ಟು ಐದು. ಒಂದೂ ತಪ್ಪಿಲ್ಲ. ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ನಮ್ಮ ಪರಿಸ್ಥಿತಿ ನಿಮ್ಮಲ್ಲಿ ಎಷ್ಟೋ ಜನರದ್ದೂ ಹೌದು. ನಾನು ಎಚ್-1ಬಿ ಕೆಲಸದ ವೀಸಾದಲ್ಲಿ, ಹೆಂಡತಿ ಅದಕ್ಕೆ ಅಂಟಿಕೊಂಡ ಎಚ್-4ರಲ್ಲಿ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಸಾಲಿನಲ್ಲಿ ನಮ್ಮ ಪ್ರಯಾರಿಟಿ ಡೇಟ್ 2014, ಸರದಿ ಇನ್ನೂ ಬಂದಿಲ್ಲ. ಮಗಳು ಹುಟ್ಟಿದ್ದು 2006ರಲ್ಲಿ, ನ್ಯೂಜೆರ್ಸಿಯಲ್ಲಿ. ಹಾಗಾಗಿ ಅವಳು ಅಮೆರಿಕದ ಪ್ರಜೆ. ಚಿಕ್ಕಂದಿನಿಂದ ಅವಳಿಗೆ ಕಲ್ಲು ಅಂದರೆ ಪ್ರಾಣ. ಹೈಸ್ಕೂಲಿನಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಫೋಟೋ ನೋಡಿದಳು. 1788ರಲ್ಲಿ ಜೇಮ್ಸ್ ಹಟನ್ ದೋಣಿಯಲ್ಲಿ ಹೋಗಿ ನೋಡಿದ ಜಾಗ ಅದು. ನೆಟ್ಟಗೆ ನಿಂತ ಪದರಗಳ ಮೇಲೆ ಓರೆಯಾಗಿ ಮಲಗಿದ ಕೆಂಪು ಕಲ್ಲು. ಅವತ್ತೇ ನಿರ್ಧಾರ ಮಾಡಿಬಿಟ್ಟಳು, ಜಿಯಾಲಜಿ ಓದುವುದಾದರೆ ಅಲ್ಲೇ ಅಂತ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಈ ವಿಷಯ ತೆಗೆದೆ. ಇಪ್ಪತ್ತು ವರ್ಷದಿಂದ ಇಲ್ಲಿರುವ ದಾವಣಗೆರೆಯ ಹಿರಿಯರೊಬ್ಬರು ಒಬ್ಬಟ್ಟು ಮುರಿಯುತ್ತಾ ಹೇಳಿದರು: "ಏನ್ರೀ ನೀವು, ಎಚ್-1ನವರಿಗೆ ಯಾರ್ರೀ ಸರ್ಕಾರಿ ಲೋನ್ ಕೊಡ್ತಾರೆ? ಅದೂ ಫಾರಿನ್ ಯೂನಿವರ್ಸಿಟಿಗೆ? ಸುಮ್ನೆ ಇಲ್ಲೇ ಸ್ಟೇಟ್ ಯೂನಿವರ್ಸಿಟಿಗೆ ಹಾಕಿ." ಪಕ್ಕದಲ್ಲಿದ್ದ ಮೂವರೂ ತಲೆಯಾಡಿಸಿದರು. ಆ ನಾಲ್ವರಲ್ಲಿ ಇಬ್ಬರು ಕಳೆದ ತಿಂಗಳು ನನಗೇ ಫೋನ್ ಮಾಡಿ ಕೇಳಿದರು, ಹೇಗೆ ಮಾಡಿದಿರಿ ಅಂತ. ಅದಕ್ಕೇ ಈ ಬರಹ.

ಫ್ಯಾಫ್ಸಾ (ಸರ್ಕಾರಿ ಶಿಕ್ಷಣ ನೆರವಿನ ಅರ್ಜಿ) ತುಂಬುವುದು, ಎಂಪಿಎನ್‌ಗೆ (ಸಾಲದ ಒಪ್ಪಂದ ಪತ್ರ) ಸಹಿ, ಎಂಟ್ರೆನ್ಸ್ ಕೌನ್ಸೆಲಿಂಗ್ (ಸಾಲದ ಬಗ್ಗೆ ಮೊದಲೇ ಕೊಡುವ ತಿಳುವಳಿಕೆ), ಇವೆಲ್ಲ ನಿಮಗೆ ಗೊತ್ತು. ಅವನ್ನು ಬಿಡುತ್ತೇನೆ. ಎಡಿನ್‌ಬರೋ, ಸೇಂಟ್ ಆಂಡ್ರೂಸ್, ಗ್ಲಾಸ್ಗೋ, ಡಬ್ಲಿನ್ನಿನ ಟ್ರಿನಿಟಿ, ಕೆನಡಾದ ಮೆಕ್‌ಗಿಲ್, ಟೊರಾಂಟೊ, ಹೀಗೆ ತುಂಬಾ ಕಡೆ ಅಮೆರಿಕ ಸರ್ಕಾರವೇ ವಿದ್ಯಾರ್ಥಿಗೆ ಕೊಡುವ ಡೈರೆಕ್ಟ್ ಲೋನ್ ನಡೆಯುತ್ತದೆ. ವಾಪಸ್ ಕೊಡಬೇಕಿಲ್ಲದ ಪೆಲ್ ಗ್ರಾಂಟ್, ಓದುತ್ತಾ ದುಡಿಯುವ ವರ್ಕ್ ಸ್ಟಡಿ ಮಾತ್ರ ಹೊರದೇಶದಲ್ಲಿ ಇಲ್ಲ. ಬರೀ ಲೋನ್.

ನನ್ನ ಮೊದಲ ಸೋಲು ಹೆಸರಿನದ್ದು. 2024-25ರ ಫ್ಯಾಫ್ಸಾ ಹೊಸ ನಮೂನೆಯದು, ತೆರೆದದ್ದೇ 2023ರ ಡಿಸೆಂಬರ್ ಕೊನೆಗೆ. ಮಗಳು ಐದು ನಿಮಿಷದಲ್ಲಿ ತನ್ನ ಅಕೌಂಟ್ ಮಾಡಿಕೊಂಡಳು. ನನ್ನದು ಆಗಲೇ ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು, ಮೂರೂ ಒಂದೇ ಸಾಲಿನಲ್ಲಿ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದೇ ಮೂರು ಬೇರೆ ರೀತಿ ಒಡೆದು ಕೂತಿವೆ. ನಾನು ಪಾಸ್‌ಪೋರ್ಟ್ ನೋಡಿ ತುಂಬಿದೆ, ತಿರಸ್ಕಾರ. ಟ್ಯಾಕ್ಸ್ ರಿಟರ್ನ್ ನೋಡಿ ತುಂಬಿದೆ, ತಿರಸ್ಕಾರ. ನಾಲ್ಕನೇ ಸಲ ಅಕೌಂಟೇ ಲಾಕ್. ಕೊನೆಗೆ ಹೆಂಡತಿ ಹಳೇ ಫೈಲಿನಿಂದ ಆ ನೀಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ತೆಗೆದು ಮುಂದಿಟ್ಟಳು. "ರೀ, ಅವರು ಹೋಲಿಸೋದು ಇದರ ಜೊತೆ ತಾನೇ? ಇದರಲ್ಲಿ ಇರೋ ಹಾಗೆ ಹೊಡೀರಿ." ಅಕ್ಷರ ಅಕ್ಷರ ಹಾಗೇ ಹೊಡೆದೆ. ಎರಡು ದಿನದಲ್ಲಿ ಹೊಂದಿತು. ಮೂರು ವಾರ ಹೋಗಿತ್ತು ಅಷ್ಟರಲ್ಲಿ. ನಮ್ಮ ಕಡೆಯ ಹೆಸರಿನವರು ಇದನ್ನು ಮೊದಲೇ ನೋಡಿಕೊಳ್ಳಿ. ಇನ್ನೊಂದು: ಗಂಡ ಹೆಂಡತಿ ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡಿದ್ದರೆ ಒಬ್ಬರು ಕಾಂಟ್ರಿಬ್ಯೂಟರ್ (ಫಾರಂನಲ್ಲಿ ತಮ್ಮ ವಿವರ ತುಂಬುವವರು) ಆದರೆ ಸಾಕು. ನನ್ನ ಹೆಂಡತಿಗೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಇಲ್ಲ ಅಂತ ನಾವು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೆವು.

ಒಂದು ಖುಷಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಸಂಬಳಕ್ಕೆ ಸಬ್ಸಿಡೈಜ್ಡ್ ಲೋನ್ ಕನಸಲ್ಲೂ ಸಿಗಲ್ಲ ಅಂದುಕೊಂಡಿದ್ದೆ. ಸಿಕ್ಕಿತು! ಲೆಕ್ಕ ಬರೀ ಸಂಬಳದ ಮೇಲೆ ನಿಂತಿಲ್ಲ. ಯೂನಿವರ್ಸಿಟಿಯ ಒಟ್ಟು ಖರ್ಚಿನಿಂದ ನಿಮ್ಮ ಎಸ್‌ಎಐ (ಮನೆಯವರು ಎಷ್ಟು ಕೊಡಬಲ್ಲರು ಅಂತ ಫ್ಯಾಫ್ಸಾ ಕಟ್ಟುವ ಅಂದಾಜು ಅಂಕಿ) ಕಳೆಯುತ್ತಾರೆ. ಅಲ್ಲಿನ ಖರ್ಚು ವರ್ಷಕ್ಕೆ 38 ಸಾವಿರ ಪೌಂಡ್ ಆಸುಪಾಸು, ಅಂದರೆ 48 ಸಾವಿರ ಡಾಲರ್ ಮೇಲೆ. ನಮ್ಮ ಎಸ್‌ಎಐ ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಮೊದಲ ವರ್ಷದ 5,500ರಲ್ಲಿ 3,500 ಸಬ್ಸಿಡೈಜ್ಡ್ ಆಗಿ ಬಂತು. ಓದು ಮುಗಿಯುವ ತನಕ ಅದಕ್ಕೆ ಬಡ್ಡಿ ಇಲ್ಲ.

ಆದರೆ 5,500 ಎಲ್ಲಿ, 48 ಸಾವಿರ ಎಲ್ಲಿ? ಸಿಟಿಜನ್ ಅಪ್ಪ ಅಮ್ಮಂದಿರು ಇಲ್ಲಿ ಪೇರೆಂಟ್ ಪ್ಲಸ್ (ಪೋಷಕರ ಹೆಸರಿನ ಸರ್ಕಾರಿ ಲೋನ್) ತೆಗೆದುಕೊಳ್ಳುತ್ತಾರೆ. ಕ್ರೆಡಿಟ್ ಸರಿಯಿಲ್ಲದೆ ಅದು ಸಿಗದಿದ್ದರೆ ಮಗುವಿನ ಹೆಸರಲ್ಲೇ ಮೊದಲೆರಡು ವರ್ಷ 4,000, ಆಮೇಲೆ 5,000 ಡಾಲರ್ ಹೆಚ್ಚುವರಿ ಅನ್‌ಸಬ್ಸಿಡೈಜ್ಡ್ ಲೋನ್ (ಓದುವಾಗಲೂ ಬಡ್ಡಿ ಏರುವಂಥದ್ದು) ಕೊಡುತ್ತಾರೆ. ನಮಗೆ ಆ ಹೆಚ್ಚುವರಿ ಬೇಕಿತ್ತು. ನಮ್ಮ ಯೂನಿವರ್ಸಿಟಿಯ ಲೋನ್ ಆಫೀಸಿನಿಂದ ಉತ್ತರ ಬಂತು: ಪ್ಲಸ್ ನಿರಾಕರಣೆಯ ಪತ್ರ ಕಳಿಸಿ.

ಇಲ್ಲೇ ಗಂಟು ಬಿದ್ದದ್ದು. ನಿರಾಕರಣೆ ಸಿಗಬೇಕಾದರೆ ಮೊದಲು ಅರ್ಜಿ ಹಾಕಬೇಕು. ಅರ್ಜಿ ಹಾಕಬೇಕಾದರೆ ನಾನು ಸಿಟಿಜನ್ನೋ ಗ್ರೀನ್ ಕಾರ್ಡಿನವನೋ ಆಗಿರಬೇಕು. ನಾನು ಎರಡೂ ಅಲ್ಲ. ಒಬ್ಬ ಗೆಳೆಯ ಸಲಹೆ ಕೊಟ್ಟ, "ಎಲಿಜಿಬಲ್ ಅಂತ ಟಿಕ್ ಮಾಡಿ, ಅವರೇ ರಿಜೆಕ್ಟ್ ಮಾಡ್ತಾರೆ, ಆ ಪತ್ರ ತಗೊಳ್ಳಿ." ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸರ್ಕಾರದ ಫಾರಂನಲ್ಲಿ ಪೌರತ್ವದ ಬಗ್ಗೆ ಸುಳ್ಳು ಬರೆದರೆ ಗ್ರೀನ್ ಕಾರ್ಡ್ ಆಸೆಯನ್ನೇ ಬಿಡಬೇಕಾದೀತು.

ನಾನು ಮಾಡಿದ್ದು ಇಷ್ಟು. ಅಮೆರಿಕದ ಶಿಕ್ಷಣ ಇಲಾಖೆ ಕಾಲೇಜುಗಳ ಏಡ್ (ಹಣದ ನೆರವಿನ) ಆಫೀಸಿಗೆಂದೇ ಪ್ರತಿ ವರ್ಷ ಎಫ್‌ಎಸ್‌ಎ ಹ್ಯಾಂಡ್‌ಬುಕ್ ಅನ್ನುವ ನಿಯಮ ಪುಸ್ತಕ ಹೊರಡಿಸುತ್ತದೆ. ಯಾರು ಬೇಕಾದರೂ ಓದಬಹುದು, ನಾವು ಯಾರೂ ಓದಲ್ಲ ಅಷ್ಟೇ. ರಾತ್ರಿ ಊಟ ಆದಮೇಲೆ ಕೂತು ಡೈರೆಕ್ಟ್ ಲೋನ್ ಭಾಗವನ್ನು ಪುಟ ಪುಟ ಓದಿದೆ. ನಾಲ್ಕನೇ ರಾತ್ರಿ ಸಿಕ್ಕಿತು. ವಿಶೇಷ ಸಂದರ್ಭದಲ್ಲಿ ನಿರಾಕರಣೆ ಪತ್ರ ಇಲ್ಲದೆಯೂ ಏಡ್ ಆಫೀಸರ್ ಈ ಹೆಚ್ಚುವರಿ ಲೋನ್ ಕೊಡಬಹುದು. ಆ ಸಂದರ್ಭಗಳ ಪಟ್ಟಿಯಲ್ಲಿ ಪೋಷಕರು ಸಿಟಿಜನ್ ಅಥವಾ ಪರ್ಮನೆಂಟ್ ರೆಸಿಡೆಂಟ್ ಅಲ್ಲದಿರುವುದೂ ಇದೆ. ಮೂರು ಸಲ ಓದಿದೆ. ಹೆಂಡತಿಯನ್ನು ಎಬ್ಬಿಸಿ ಅವಳ ಕೈಲೂ ಓದಿಸಿದೆ.

ಆ ಪುಟದ ಪಿಡಿಎಫ್, ನನ್ನ ಐ-797 (ಎಚ್-1ಬಿ ಮಂಜೂರಾತಿ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ), ಪಾಸ್‌ಪೋರ್ಟಿನ ಮೊದಲ ಪುಟ, ಒಂದು ಪುಟದ ಪತ್ರ, ಇಷ್ಟು ಕಳಿಸಿದೆ. ಪತ್ರದ ಮೊದಲ ಪ್ಯಾರಾ ನನ್ನದೇ ಒಂದು ಉಪಾಯ, ಅದನ್ನು ಇಲ್ಲಿ ಬರೆಯಲ್ಲ. ನಿಮ್ಮ ಪತ್ರ ನೀವೇ ಬರೆಯಿರಿ, ಒಂದೇ ಥರದ ಇಪ್ಪತ್ತು ಪತ್ರ ಹೋದರೆ ಯಾರಿಗೂ ಒಳ್ಳೆಯದಲ್ಲ. ಒಂದು ಸುಳಿವು ಮಾತ್ರ ಕೊಡುತ್ತೇನೆ: ಹಕ್ಕು ಅಂತ ಕೇಳಬೇಡಿ. ಕೊಡುವುದು ಬಿಡುವುದು ಆ ಅಧಿಕಾರಿಯ ವಿವೇಚನೆ. ಹನ್ನೊಂದು ದಿನ ಸದ್ದಿಲ್ಲ. ಹನ್ನೆರಡನೇ ದಿನ ಎರಡೇ ಸಾಲಿನ ಮೇಲ್. ಒಟ್ಟು 9,500 ಡಾಲರ್ ಮಂಜೂರು. ಮಗಳು ಮೆಟ್ಟಿಲ ಮೇಲಿಂದ ಕೂಗಿದಳು, "ಅಪ್ಪಾ, ಬಂತು!"

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. 9,500ರಲ್ಲಿ ಶುಲ್ಕ 1.057 ಪರ್ಸೆಂಟ್ ಮುರಿದುಕೊಂಡು ಸುಮಾರು 9,400 ಬಂತು. ಯೂನಿವರ್ಸಿಟಿ ಸ್ಕಾಲರ್‌ಶಿಪ್ 3,000 ಪೌಂಡ್. ಮಗಳ ಓದಿಗೆಂದು ಕೂಡಿಟ್ಟ 529 ಉಳಿತಾಯ ಖಾತೆಯಿಂದ 15 ಸಾವಿರ ಡಾಲರ್ ತೆಗೆದೆ. ಉಳಿದ 20 ಸಾವಿರ ನಮ್ಮ ಉಳಿತಾಯ, ಸಂಬಳ. 529 ಬಗ್ಗೆ ಒಂದು ಮಾತು. ಫೆಡರಲ್ ಲೋನ್ ಪಟ್ಟಿಯಲ್ಲಿರುವ ಹೊರದೇಶದ ಯೂನಿವರ್ಸಿಟಿಗೆ 529 ಹಣವೂ ಟ್ಯಾಕ್ಸ್ ಇಲ್ಲದೆ ನಡೆಯುತ್ತದೆ. ನಾನು ತಿಂಗಳಿಗೆ 250ರಂತೆ ಹಾಕುತ್ತಾ ಬಂದದ್ದು 58 ಸಾವಿರದ ಹತ್ತಿರ ಬೆಳೆದಿತ್ತು. ವಿಮಾನದ ಟಿಕೆಟ್, ವೀಸಾ ಖರ್ಚು ಮಾತ್ರ ಅದರಲ್ಲಿ ಸೇರಲ್ಲ.

ನಾನು ಎಡವಿದ್ದು ಮೊದಲ ಕೈಖರ್ಚಿನಲ್ಲಿ. ಲೋನ್ ಬರುವುದು ಮಗಳು ಹೋಗಿ ರಿಜಿಸ್ಟರ್ ಆದಮೇಲೆ. ಅದಕ್ಕೆ ಮುಂಚೆ ವೀಸಾ, 2024ರಲ್ಲಿ ಅದು 490 ಪೌಂಡ್ ಇತ್ತು. ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಕಟ್ಟುವ ಹಣ) ವರ್ಷಕ್ಕೆ 776 ಪೌಂಡ್, ಅದೂ ಪೂರ್ತಿ ಕೋರ್ಸಿನದ್ದು ಒಂದೇ ಸಲ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ, ವೀಸಾಕ್ಕೆ ಮೇಲೆ ಕೆಲವು ತಿಂಗಳು. ಹಾಗಾಗಿ ಸರ್‌ಚಾರ್ಜೇ ಹತ್ತಿರ ಹತ್ತಿರ 3,500 ಪೌಂಡ್. ಹಾಸ್ಟೆಲಿನ ಮೊದಲ ಕಂತು, ಟಿಕೆಟ್, ಚಳಿ ಬಟ್ಟೆ ಎಲ್ಲ ಸೇರಿ ಲೋನಿನ ಒಂದು ಡಾಲರ್ ಕಾಣುವ ಮೊದಲೇ ಎಂಟೂವರೆ ಸಾವಿರ ಡಾಲರ್ ಕೈಬಿಟ್ಟಿತು. ನಾನು ಮೂರು ಸಾವಿರ ಸಾಕು ಅಂದುಕೊಂಡಿದ್ದೆ. ಆಗ ಕ್ರೆಡಿಟ್ ಕಾರ್ಡಿನಲ್ಲಿ ಎಳೆದು, ಎರಡು ತಿಂಗಳ ಬಡ್ಡಿ ಕಟ್ಟಿದೆ. ಇಂಗ್ಲೆಂಡಿನ ಮೂರು ವರ್ಷದ ಕೋರ್ಸ್ ಆಗಿದ್ದರೆ ಇದು ಇನ್ನೂ ಕಡಿಮೆ ಆಗುತ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಧ್ಯೆ ಬೇರೆ ಬಾಗಿಲೂ ತಟ್ಟಿದ್ದೆ. ಇಲ್ಲಿನ ಒಂದು ಖಾಸಗಿ ಲೋನ್ ಕಂಪನಿ ಜಾಮೀನಿಗೆ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವರೇ ಬೇಕು ಅಂದಿತು. ರಜೆಗೆ ಹಾಸನಕ್ಕೆ ಹೋದಾಗ ಅಲ್ಲಿ ಒಂದು ಬ್ಯಾಂಕಿನಲ್ಲೂ ಕೇಳಿದೆ. ಮ್ಯಾನೇಜರ್ ಕಾಫಿ ತರಿಸಿ ಕೂರಿಸಿ ಮಾತಾಡಿದರು. ಕೊನೆಗೆ, "ಸರ್, ಮನೆ ಪತ್ರ ಇಟ್ಟರೂ ಎಜುಕೇಶನ್ ಲೋನ್ ಆಗಲ್ಲ, ಮಗಳು ನಮ್ಮ ದೇಶದ ಪ್ರಜೆ ಅಲ್ವಲ್ಲ" ಅಂದರು. ಅಲ್ಲಿ ಅವಳು ವಿದೇಶಿ, ಇಲ್ಲಿ ನಾನು ವಿದೇಶಿ. ಆ ದಿನ ತುಂಬಾ ಬೇಜಾರಾಗಿತ್ತು.

ಪೌಂಡ್ ದರದ ಮೇಲೆ ಒಂದು ವರ್ಷ ಕಣ್ಣಿಟ್ಟು ನೋಡಿದೆ. ಲೋನ್ ಕಂತನ್ನು ಯೂನಿವರ್ಸಿಟಿಯೇ ಪೌಂಡ್ ಮಾಡುತ್ತದೆ, ಅದು ನಮ್ಮ ಕೈಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಪೌಂಡಿಗೆ 1.32 ಡಾಲರ್ ಇತ್ತು, 2025ರ ಜನವರಿಯಲ್ಲಿ 1.23ಕ್ಕೆ ಬಂತು. ಅಷ್ಟೇ ಡಾಲರಿನ ಕಂತಿಗೆ ಸುಮಾರು 170 ಪೌಂಡ್ ಜಾಸ್ತಿ. ನಮ್ಮ ಕೈಯಿಂದ ಕಳಿಸುವ ಹಣವನ್ನು ಮಾತ್ರ ನಾನು ಆ ಜನವರಿಯಲ್ಲೇ ಒಟ್ಟಿಗೆ ಕಳಿಸಿದೆ. ಆ ವರ್ಷ ಅದರಲ್ಲಿ ಉಳಿದದ್ದು ಮಗಳ ಎರಡು ತಿಂಗಳ ಊಟದ ಖರ್ಚು. ಯಾವ ದಿನ ಕಳಿಸಬೇಕು ಅಂತ ಹೇಗೆ ಗೊತ್ತು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಎರಡನೇ ವರ್ಷ ಮಗಳು ಪೂರ್ತಿ ಆನ್‌ಲೈನಿನಲ್ಲಿ ನಡೆಯುವ ಒಂದು ಪೇಪರ್ ತೆಗೆದುಕೊಳ್ಳಲು ಹೊರಟಿದ್ದಳು. ಪುಣ್ಯಕ್ಕೆ ಲೋನ್ ಆಫೀಸಿಗೆ ಮೊದಲೇ ಬರೆದಳು. ಬೇಡ ಅಂದರು. ಹೊರದೇಶದ ಯೂನಿವರ್ಸಿಟಿಗಳಿಗೆ ದೂರಶಿಕ್ಷಣದ ವಿಷಯದಲ್ಲಿ ನಿಯಮ ಬಿಗಿ. ಒಂದು ಪೇಪರಿಗಾಗಿ ಇಡೀ ಲೋನ್ ಕಳೆದುಕೊಳ್ಳುವ ಅಪಾಯ. ಕೋರ್ಸ್ ಆರಿಸುವ ಮುಂಚೆ ಕೇಳಿ.

ಇಷ್ಟೆಲ್ಲ ಒದ್ದಾಟ 9,500 ಡಾಲರಿಗಾ ಅಂತ ಕೇಳಿದವರಿದ್ದಾರೆ. ಹೌದು. ನಾಲ್ಕು ವರ್ಷಕ್ಕೆ 9,500, 10,500, ಆಮೇಲೆ ಎರಡು ಸಲ 12,500, ಒಟ್ಟು 45 ಸಾವಿರ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ನಾಳೆ ನನ್ನ ಕೆಲಸ ಹೋದರೆ ನನಗೆ ಈ ದೇಶದಲ್ಲಿ ಹೆಚ್ಚೆಂದರೆ 60 ದಿನ. ಆಮೇಲೆ ಗಂಟುಮೂಟೆ ಕಟ್ಟಬೇಕು. ಮಗಳ ಲೋನ್ ಅವಳ ಹೆಸರಿನದ್ದು, ನನ್ನ ವೀಸಾಕ್ಕೆ ಅಂಟಿಕೊಂಡಿಲ್ಲ. ನಾನು ಹಾಸನದಲ್ಲಿ ಕೂತಿದ್ದರೂ ಅವಳ ಕಂತು ಸ್ಕಾಟ್ಲೆಂಡಿಗೆ ಹೋಗುತ್ತದೆ. ಈಗ ಅನ್‌ಸಬ್ಸಿಡೈಜ್ಡ್ ಭಾಗದ ಬಡ್ಡಿಯನ್ನು ತಿಂಗಳು ತಿಂಗಳು ನಾನೇ ಕಟ್ಟುತ್ತಿದ್ದೇನೆ, 55 ಡಾಲರ್ ಆಸುಪಾಸು. ಮೊದಲ ವರ್ಷದ ದರ 6.53, ಎರಡನೆಯದು 6.39. ಕಟ್ಟಲೇಬೇಕು ಅಂತೇನಿಲ್ಲ, ಆದರೆ ಅಸಲಿಗೆ ಸೇರಿಕೊಳ್ಳಲು ಬಿಡಬಾರದು ಅಂತ ನನ್ನ ಹಟ.

ಅವಳ ಕ್ಯಾಂಪಸ್ ನಾನಿನ್ನೂ ನೋಡಿಲ್ಲ. ಪಾಸ್‌ಪೋರ್ಟಿನಲ್ಲಿರುವ ನನ್ನ ವೀಸಾ ಸ್ಟಾಂಪಿನ ಅವಧಿ ಮುಗಿದಿದೆ, ಹೋದರೆ ವಾಪಸ್ ಬರಲು ಮತ್ತೆ ಕಾನ್ಸುಲೇಟ್ ಮುಂದೆ ನಿಲ್ಲಬೇಕು. ಸಿಕ್ಕರ್ ಪಾಯಿಂಟಿಗೆ ಹೋದ ದಿನ ಅವಳು ವಿಡಿಯೋ ಕಾಲ್ ಮಾಡಿ ತೋರಿಸಿದಳು. ಗಾಳಿಯ ಸದ್ದಿಗೆ ಏನೂ ಕೇಳಲಿಲ್ಲ. ಕೆಂಪು ಕಲ್ಲಿನ ಮೇಲೆ ಕೈ ಇಟ್ಟು ಹಿಡಿದಿದ್ದಳು.

ಹಿರಿಯ ಮಕ್ಕಳಿರುವವರು ಒಂದು ವಿಷಯ ಗಮನಿಸಿ. 2025ರ ಜುಲೈನಲ್ಲಿ ಬಂದ ಕಾನೂನಿನಿಂದ 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ (ಡಿಗ್ರಿ ನಂತರದ ಓದಿಗೆ ಇದ್ದ ಸರ್ಕಾರಿ ಲೋನ್) ಇಲ್ಲ. ಮಾಸ್ಟರ್ಸ್‌ಗೆ ವರ್ಷಕ್ಕೆ 20,500 ಡಾಲರ್ ಮಾತ್ರ. ಲಂಡನ್ನಿನಲ್ಲಿ ಎಷ್ಟೋ ಕಡೆ ಅದು ಫೀಸಿಗೇ ಸಾಲದು. ಗ್ರೀನ್ ಕಾರ್ಡ್ ಬಂದವರ ಪೇರೆಂಟ್ ಪ್ಲಸ್‌ಗೂ ವರ್ಷಕ್ಕೆ 20 ಸಾವಿರ, ಒಂದು ಮಗುವಿಗೆ ಒಟ್ಟು 65 ಸಾವಿರದ ಮಿತಿ. ಡಿಗ್ರಿ ಮಕ್ಕಳ ಸ್ವಂತ ಲೋನಿನ ಮಿತಿ ಮಾತ್ರ ಹಾಗೇ ಇದೆ.

ನಮ್ಮ ಮೂರನೇ ವರ್ಷದ ಫ್ಯಾಫ್ಸಾ ಅಕ್ಟೋಬರಿನಲ್ಲೇ ಹೋಗಿದೆ. ಈ ಸಲ ಮಾಮೂಲಿ ಲೋನಿನ 7,500ಕ್ಕೆ ಹೆಚ್ಚುವರಿ 5,000 ಸೇರಬೇಕು. ಲೋನ್ ಆಫೀಸ್ ಪ್ರತಿ ವರ್ಷ ಹೊಸ ಕಾಗದ ಕೇಳುತ್ತದೆ. ನನ್ನ ಎಚ್-1 ಎಕ್ಸ್‌ಟೆನ್ಶನ್ ಹೋದ ವಾರ ಬಂತು. ಹೊಸ ಐ-797 ಸ್ಕ್ಯಾನ್ ಮಾಡಿ ಮಗಳಿಗೆ ಕಳಿಸಿದ್ದೇನೆ.